ಮೂರನೇ ಬೇಸಿನ ಆ ಚೆಂಡಿನ ಕುರಿತು ಅಂಕಲೇಖಕ ಟೀಡೆಮನ್ ಅವರ ಸನ್ನಿಧಾನಕ್ಕೆ

ನದೀತೀರ ಬೇಸ್‌ಬಾಲ್ ಲೀಗಿನ ಅಧಿಕೃತ ಅಂಕಲೇಖಕರೂ, ಹಾರ್ಲನ್ ಬೆಂಡ್ ಕೌಂಟಿ ಮೇಳದ ಹಣ್ಣಿನ ಪೈ ತಿನಿಸಿನ ಸ್ಪರ್ಧೆಯ ಏಕಮಾತ್ರ ತೀರ್ಪುಗಾರರೂ, ನಮ್ಮ ಚರ್ಚಿನ ಗಾಯನಮಂಡಳಿಯಲ್ಲಿ ಹಿಂದಿನ ಸಾಲಿನ ದಪ್ಪ ದನಿಯೂ ಆದ ಮಾನ್ಯ ರಾಸ್ಕೊ ಟೀಡೆಮನ್ ಅವರೇ,

ತಮಗೆ, ತಮ್ಮ ಶ್ರೀಮತಿಯವರಿಗೆ ಹಾಗೂ ತಮ್ಮ ಕನ್ನಡಕಕ್ಕೆ ವೆರ್ನಾ ಓಲ್ಡನ್‌ಕ್ಯಾಂಪ್ ಮಾಡುವ ಸವಿನಯ ವಂದನೆಗಳು. ತಾವು ಮೂವರೂ ಕ್ಷೇಮವೆಂದು ನಂಬಿದ್ದೇನೆ. ಕನ್ನಡಕದ ಕ್ಷೇಮವನ್ನು ಬೇರೆಯಾಗಿ ವಿಚಾರಿಸುವುದಕ್ಕೆ ಕಾರಣವಿದೆ, ಅದು ಮುಂದೆ ಬರುತ್ತದೆ. ತಮ್ಮ ಬೇಲಿಗೂ ನಮ್ಮ ಬೇಲಿಗೂ ನಡುವೆ ಎರಡೇ ಮನೆಯಿದ್ದರೂ ನಡೆದುಬಂದು ಹೇಳದೆ ಊರ ಸಂಜೆಪತ್ರಿಕೆಯಲ್ಲಿ ಬರೆಯುತ್ತಿರುವುದನ್ನು ತಾವು ಮನ್ನಿಸಬೇಕು. ಎದುರಿಗೆ ಬಂದರೆ ನನಗೆ ಇಷ್ಟು ಮರ್ಯಾದೆಯಿಂದ ಮಾತಾಡಲು ಬರುವುದಿಲ್ಲ.

ನನ್ನ ಪ್ರಾರ್ಥನೆ ಚಿಕ್ಕದು. ಸೋಮವಾರದ ಪಂದ್ಯದ ಎಂಟನೇ ಸರದಿಯಲ್ಲಿ ನಮ್ಮ ಕೊಕ್ಕರೆ ತಂಡದ ವಿಲ್ಕಿನ್ ಸೆಪೆದಾ ಮೂರನೇ ಬೇಸಿನ ಕಡೆಗೆ ಹೊಡೆದ ಚೆಂಡನ್ನು ತಾವು 'ಎರರ್' ಎಂದು ಬರೆದಿದ್ದೀರಿ, ಅದನ್ನು 'ಹಿಟ್' ಎಂದು ತಿದ್ದಬೇಕು. ಲೀಗಿನ ನಿಯಮದಂತೆ ತಿದ್ದಲು ತಮಗೆ ನಾಳೆ, ಗುರುವಾರ ಸಂಜೆಯವರೆಗೆ ಅವಕಾಶವಿದೆ. ಶುಕ್ರವಾರ ದೊಡ್ಡ ಕ್ಲಬ್ಬಿನವರು ಬಂದು, ಯಾರನ್ನು ಮೇಲಿನ ತಂಡಕ್ಕೆ ಒಯ್ಯುವುದು, ಯಾರ ಕೈಗೆ ಮನೆಯ ದಾರಿಯ ಟಿಕೆಟ್ ಕೊಡುವುದು ಎಂದು ತೀರ್ಮಾನಿಸುತ್ತಾರೆ. ಆಮೇಲೆ ತಾವು ಚಿನ್ನದ ಶಾಯಿಯಲ್ಲಿ ತಿದ್ದಿದರೂ ಅದು ಯಾರಿಗೂ ಬೇಡ.

ತಮ್ಮ ಅಧಿಕಾರ ಎಂಥದ್ದೆಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹುಡುಗ ತನ್ನ ಹೊಡೆತದ ಬಲದಿಂದ ಓಡಿ ಮೊದಲ ಬೇಸು ಮುಟ್ಟಿದರೆ ಅದು ಹಿಟ್, ಅವನ ಖಾತೆಗೆ ಜಮಾ. ಎದುರಿನವನು ಚೆಂಡು ಕೈಚೆಲ್ಲಿದ್ದರಿಂದ ಮುಟ್ಟಿದರೆ ಅದು ಎರರ್, ಕೈಚೆಲ್ಲಿದವನಿಗೆ ಕಳಂಕ, ಹೊಡೆದವನಿಗೆ ಸೊನ್ನೆ. ಯಾವುದು ಯಾವುದೆಂದು ಹೇಳಬೇಕಾದವರು ಅಂಪೈರೂ ಅಲ್ಲ, ಕೋಚೂ ಅಲ್ಲ, ಮೈದಾನದ ಮೇಲಿನ ಮರದ ಗೂಡಿನಲ್ಲಿ ಪೆನ್ಸಿಲ್ ಹಿಡಿದು ಕೂತ ತಾವೊಬ್ಬರೇ. ನಮ್ಮ ಮೈದಾನದ ದಾಖಲೆಗೋಡೆಯ ಮೇಲೆ ಈಗ ಇರುವುದಾದರೂ ಏನು? ಅತಿ ಹೆಚ್ಚು ಬಾರಿ ಚೆಂಡಿನ ಏಟು ತಿಂದ ಕೀರ್ತಿಶಾಲಿಯ ಹೆಸರು, ದೀಪಗಳೇ ಸುಟ್ಟುಹೋಗುವ ತನಕ ನಡೆದ ಅತಿ ದೀರ್ಘ ಪಂದ್ಯ, ಮತ್ತು ಉಗಿಬಂಡಿಯ ಕಾಲದ ಹಂಫ್ರಿ ಗ್ರೂಟ್ ಎಂಬ ಮಹಾಶಯ ಸತತ ಮೂವತ್ತೇಳು ಪಂದ್ಯಗಳಲ್ಲಿ ಹಿಟ್ ಗಳಿಸಿದ ದಾಖಲೆ. ನಮ್ಮ ವಿಲ್ಕಿನ್ ಭಾನುವಾರ ಆ ಗ್ರೂಟ್ ಮಹಾಶಯನ ಪಕ್ಕದಲ್ಲಿ ಬಂದು ನಿಂತಿದ್ದ. ಸೋಮವಾರ ಅವನನ್ನು ದಾಟಬೇಕಿತ್ತು.

ಪಂದ್ಯ ತಪ್ಪದೆ ಹಿಟ್ ಗಳಿಸುವ ಈ ಸರಣಿ ನಮ್ಮ ಮನೆಯಲ್ಲಿ ಏನೇನು ಮಾಡಿತೆಂದು ತಮಗೆ ಗೊತ್ತಿಲ್ಲದೇನಿಲ್ಲ. ಈ ಊರಿನ ರೂಢಿಯಂತೆ ಬೇಸಿಗೆಗೊಬ್ಬ ಆಟಗಾರನನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇವೆ, ಈ ವರ್ಷ ಡೊಮಿನಿಕನ್ ನಾಡಿನ ವಿಲ್ಕಿನ್ ನಮ್ಮ ಪಾಲಿಗೆ ಬಂದ. ಸರಣಿ ಶುರುವಾದ ದಿನ ನಾನು ಮೀಟ್‌ಲೋಫ್ ಮಾಡಿದ್ದೆ. ಕೊಚ್ಚಿದ ಮಾಂಸವನ್ನು ಇಟ್ಟಿಗೆಯ ಹಾಗೆ ತಟ್ಟಿ ಬೇಯಿಸುವ ಆ ತಿನಿಸನ್ನು ನಾನು ಮದುವೆಯಾದ ಲಾಗಾಯ್ತಿನಿಂದ ದ್ವೇಷಿಸುತ್ತ ಬಂದವಳು, ಅಂದು ಬೇರೇನೂ ತೋಚದೆ ಮಾಡಿದ್ದು. ಎರಡನೇ ದಿನ ಹುಡುಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ದೋನ್ಯಾ ವೆರ್ನಾ, ನಿನ್ನೇದೇ ಮಾಡಿ, ದಮ್ಮಯ್ಯ, ಬದಲಾಯಿಸ್ಬೇಡಿ" ಎಂದು ಕೈಮುಗಿದ. ಅವರ ಕಡೆ ಹಿರಿಯ ಹೆಂಗಸನ್ನು ದೋನ್ಯಾ ಅನ್ನುತ್ತಾರಂತೆ. ಹಾಗೆ ಕರೆಸಿಕೊಂಡ ಮೇಲೆ ಇಲ್ಲವೆನ್ನುವುದು ಹೇಗೆ? ಅಂದಿನಿಂದ ಪಂದ್ಯವಿದ್ದ ದಿನವೆಲ್ಲ ಅದೇ ಇಟ್ಟಿಗೆ. ಹೊರ ಊರಿನ ಪಂದ್ಯಗಳಿಗೆ ಫಾಯಿಲಿನಲ್ಲಿ ಸುತ್ತಿ ತಂಡದ ಬಸ್ಸಿಗೆ ಏರಿಸಿದ್ದೇನೆ. ಅವನ ಕಾಲುಚೀಲವನ್ನು ಒಗೆಯುವ ಹಾಗಿಲ್ಲ, ಒಗೆದರೆ ಅದೃಷ್ಟವೂ ಕೊಚ್ಚಿಹೋದೀತಂತೆ, ಆ ಚೀಲ ಈಗ ಹಿಂದಿನ ಜಗಲಿಯಲ್ಲಿ ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ. ಇನ್ನು ನಮ್ಮೆಜಮಾನ ಡೆಲ್ಮರ್ ಅವರ ಕಥೆ. ಸರಣಿ ಶುರುವಾದ ದಿನ ಅವರಿಗೆ ದವಡೆ ಹಲ್ಲು ನೋಯುತ್ತಿತ್ತು, ಆದ್ದರಿಂದ ಹಲ್ಲುನೋವು ಮುಂದುವರಿಯಬೇಕು ಎಂದು ಅವರೇ ತೀರ್ಮಾನಿಸಿದರು. ಹಲ್ಲಿನ ಡಾಕ್ಟರು ಫೋನು ಮಾಡಿದಾಗಲೆಲ್ಲ ಊದಿದ ಕೆನ್ನೆಯಿಂದ, "ಈಗ್ಲೇ ಬೇಡ ಡಾಕ್ಟ್ರೇ, ಹುಡುಗ ಒಳ್ಳೇ ಫಾರ್ಮಲ್ಲಿದ್ದಾನೆ" ಅನ್ನುತ್ತಾರೆ.

ಆದ್ದರಿಂದ ಮೊದಮೊದಲು ಈ ಸರಣಿ ಹಾಳಾಗಿ ಹೋಗಲಿ ಎಂದು ನಾನು ಹಾರೈಸಿದ್ದುಂಟು. ಜುಲೈಯಲ್ಲಿ ಒಂದು ಭಾನುವಾರ ಚರ್ಚಿನ ಕಾಫಿ ಹಂಡೆಯ ಬಳಿ ತಮ್ಮನ್ನು ಹಿಡಿದು, "ಅಲ್ಲ ರಾಸ್ಕೊ, ನಿನ್ನೆ ಅವನು ಹೊಡೆದದ್ದು ಕುಂಟುತ್ತಾ ಹೋಯ್ತಲ್ಲ, ಅದನ್ನ ಎರರ್ ಅಂತ ಬರೀಬಹುದಿತ್ತಲ್ವಾ?" ಎಂದು ಮೆಲ್ಲಗೆ ಕೇಳಿದ್ದೆ. ಆಗ ತಾವು ಕಾಫಿ ಲೋಟವನ್ನು ಕೆಳಗಿಟ್ಟು, ಎದೆಯುಬ್ಬಿಸಿ, ಗಾಯನಮಂಡಳಿಯ ದನಿಯಲ್ಲೇ ಹೇಳಿದಿರಿ: "ವೆರ್ನಾ, ನಾನು ಕಂಡದ್ದನ್ನ ಬರೆಯೋನು. ಕಾಣದ್ದನ್ನ ಬರೆಯೋನಲ್ಲ." ನನಗೆ ನಾಚಿಕೆಯಾಯಿತು. ಇಂಥ ಮನುಷ್ಯನಿರುವ ಊರಿನಲ್ಲಿ ನಾನೂ ಇದ್ದೇನಲ್ಲ ಎಂದು ಹೆಮ್ಮೆಯೂ ಆಯಿತು. ಆ ಮಾತನ್ನು ತಾವು ಮರೆಯಬಾರದೆಂದು ಇಲ್ಲಿ ಅಚ್ಚು ಹಾಕಿಸುತ್ತಿದ್ದೇನೆ.

ನನ್ನ ಮನಸ್ಸು ಬದಲಾದದ್ದು ಹೋದ ವಾರ. ವಿಲ್ಕಿನ್ ಮೆಟ್ಟಿಲ ಮೇಲೆ ಕೂತು ಬ್ಯಾಟಿನ ಹಿಡಿಗೆ ಪಟ್ಟಿ ಸುತ್ತುತ್ತಿದ್ದ. ಶುಕ್ರವಾರ ಏನಾಗಬಹುದಪ್ಪ ಎಂದು ಕೇಳಿದೆ. "ನಂಗಿಂತ ಉದ್ದ ಇರೋರು ಬೇಕಾದಷ್ಟು ಜನ ಇದ್ದಾರೆ ದೋನ್ಯಾ. ಗಿಡ್ಡನ್ನ ಯಾರು ನೋಡ್ತಾರೆ? ಗೋಡೆ ಮೇಲೆ ಹೆಸರು ಬಿದ್ರೆ, ಅದನ್ನ ಓದೋಕಾದ್ರೂ ತಲೆ ಎತ್ತುತ್ತಾರೆ" ಎಂದ, ನಗುತ್ತಲೇ ಎಂದ. ಆ ಹುಡುಗನ ಮೇಲೆ ನನಗೆ ಮಮತೆ, ಇದನ್ನು ಸುತ್ತಿಬಳಸಿ ಹೇಳಲು ನನಗೆ ತಿಳಿಯದು. ಅಂದಿನಿಂದ ಮೀಟ್‌ಲೋಫನ್ನು ಗೊಣಗದೆ ತಟ್ಟಿದ್ದೇನೆ.

ಈಗ ಸೋಮವಾರಕ್ಕೆ ಬರುತ್ತೇನೆ. ದಾಖಲೆ ಮುರಿಯುವ ದಿನ, ಮೇಲೆ ಕೂತು ಬರೆಯುವವರು ಹಸಿದಿರಬಾರದೆಂಬ ಒಂದೇ ಸದುದ್ದೇಶದಿಂದ ಹುಳಿಚೆರ್ರಿಯ ಪೈ ಒಂದನ್ನು ತಮ್ಮ ಗೂಡಿಗೆ ಕಳಿಸಿಕೊಟ್ಟೆ. ಹೌದು, ಅದೇ ಪೈ, ಕೌಂಟಿ ಮೇಳದಲ್ಲಿ ತಾವು ವರ್ಷ ಬಿಡದೆ ಎರಡನೇ ಸ್ಥಾನ ಕೊಡುತ್ತ ಬಂದಿರುವುದು. ಮೈದಾನದಲ್ಲೇ ಕೂತಿದ್ದರೂ ಕಿವಿಗೆ ರೇಡಿಯೊ ಹಚ್ಚಿಕೊಳ್ಳುವುದು ನನ್ನ ಹಳೆಯ ಚಾಳಿ, ನನ್ನ ಕಣ್ಣು ಕಂಡದ್ದನ್ನು ಅರ್ವಿನ್ ಕ್ಲೂಟ್ ಒಪ್ಪುತ್ತಾನೋ ಇಲ್ಲವೋ ನೋಡಲು. ಅರ್ವಿನ್ ತಮ್ಮ ಪಕ್ಕದ ಕುರ್ಚಿಯಲ್ಲೇ ಕೂತು ಇಡೀ ಕೌಂಟಿಗೆ ಆಟ ಬಣ್ಣಿಸುವವನು ತಾನೇ? ಎಂಟನೇ ಸರದಿ, ವಿಲ್ಕಿನ್‌ಗೆ ಅದೇ ಕೊನೆಯ ಅವಕಾಶ, ಮೈದಾನವೆಲ್ಲ ಉಸಿರು ಬಿಗಿಹಿಡಿದಿದೆ. ಆಗ ರೇಡಿಯೊದಲ್ಲಿ ಅರ್ವಿನ್ನನ ದನಿ: "ರಾಸ್ಕೊ, ಆ ಅಂಚಿನ ಗರಿಗರಿ ನಂಗೂ ಒಂಚೂರು ಬಿಡಪ್ಪಾ." ಅದರ ಬೆನ್ನಿಗೇ ಬ್ಯಾಟಿನ ಸದ್ದು. ಅದರ ಬೆನ್ನಿಗೆ, ಬಾಯ್ತುಂಬ ಏನನ್ನೋ ಇಟ್ಟುಕೊಂಡ ಮತ್ತೊಂದು ದಪ್ಪ ದನಿ: "ಆಂ? ಎಲ್ಲಿಗ್ ಹೋಯ್ತು? ಏನಾಯ್ತು?"

ಏನಾಯಿತೆಂದು ನಾನು ಹೇಳುತ್ತೇನೆ ಸ್ವಾಮಿ, ನನ್ನ ಬಾಯಲ್ಲಿ ಏನೂ ಇರಲಿಲ್ಲ. ಚೆಂಡು ನೆಲ ಕಚ್ಚಿ ಬಾಣದಂತೆ ಹೋಯಿತು, ಹುಲ್ಲು ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ ಕಲ್ಲೊಂದಕ್ಕೆ ಬಡಿದು, ಮೂರನೇ ಬೇಸಿನಲ್ಲಿ ನಿಂತಿದ್ದ ಎದುರು ತಂಡದ ಕೆಂಚುಗೂದಲ ಹುಡುಗನ ಹೆಗಲಿಗೆ ರಪ್ಪೆಂದು ಎಗರಿತು. ಅವನು ಬಗ್ಗಿದ್ದ, ಕೈಗವಸನ್ನು ನೆಲಕ್ಕೆ ಹಚ್ಚಿದ್ದ, ಮಾಡಬೇಕಾದ್ದನ್ನೆಲ್ಲ ಮಾಡಿದ್ದ, ಅಷ್ಟರಲ್ಲಿ ವಿಲ್ಕಿನ್ ಮೊದಲ ಬೇಸು ಮುಟ್ಟಿಯಾಗಿತ್ತು. ಕಲ್ಲಿಗೆ ಬಡಿದು ಎಗರಿದ್ದು ಹಿಟ್ ಎಂದು ನಮ್ಮೂರಿನ ಎಳೆ ಮಗುವಿಗೂ ಗೊತ್ತು. ಆದರೂ ಅಂಕದ ಹಲಗೆಯ ಮೇಲೆ ಎರರ್ ದೀಪ ಹೊತ್ತಿಕೊಂಡಿತು. ಪಂದ್ಯ ಮುಗಿದ ಮೇಲೆ ಆ ಕೆಂಚುಗೂದಲ ಹುಡುಗ ತಾನಾಗಿ ಬೇಲಿಯ ಬಳಿ ಬಂದು, ಅಂಗಿಯ ಕತ್ತನ್ನು ಎಳೆದು ತಟ್ಟೆಯಗಲದ ಕಂದಿದ ಗುರುತನ್ನು ತೋರಿಸಿ, "ಅಮ್ಮಾ, ಇದು ನನ್ ತಪ್ಪಾ? ಅವನ ಹೊಡೆತ ಅದು. ಹಿಟ್ಟೇ" ಎಂದ. ವಿಲ್ಕಿನ್ ಮಾತ್ರ ಮನೆಗೆ ಬಂದು ಕಾಲುಚೀಲವನ್ನು ತಾನೇ ಒಗೆಯಲು ಹೋದ, ನಾನು ಕಿತ್ತುಕೊಂಡೆ.

ತಮ್ಮ ಮೇಲೆ ನನಗೆ ಕೋಪವಿದೆಯೆಂದು ಯಾರೂ ತಿಳಿಯಬಾರದು. ನಿಜ ಹೇಳಬೇಕೆಂದರೆ, ಊರಿನ ಇತಿಹಾಸದಲ್ಲೇ ದೊಡ್ಡ ಚೆಂಡು ಕಣ್ಣ ಮುಂದೆ ಹಾದುಹೋಗುವಾಗಲೂ ಪೈಯಿಂದ ತಲೆ ಎತ್ತದ ಏಕಾಗ್ರತೆ ಎಷ್ಟು ಜನರಿಗಿದ್ದೀತು? ಗೋಡೆಯ ಮೇಲೆ ಅದಕ್ಕೂ ಒಂದು ಜಾಗ ಬಿಡಿಸಬೇಕು. ಇನ್ನು ಮುಂದೆ ಇಂಥ ತೊಂದರೆ ಆಗದಿರಲು ಕೆಲವು ಸಲಹೆಗಳಿವೆ. ತಾವು ತುತ್ತು ನುಂಗಿ ಬಾಯಿ ಒರೆಸಿಕೊಳ್ಳುವವರೆಗೆ ಚೆಂಡು ಎಸೆಯಬಾರದೆಂದು ಲೀಗಿನವರು ನಿಯಮ ಮಾಡಲಿ, ಒರೆಸಿಕೊಂಡದ್ದಕ್ಕೆ ಅರ್ವಿನ್ ಗಂಟೆ ಬಾರಿಸಲಿ. ಚೆಂಡೂ ಅಷ್ಟೇ, ಮೂರನೇ ಬೇಸಿನ ಕಡೆ ಹೋಗುವ ಮುನ್ನ ತಮ್ಮ ಗೂಡಿನ ಕಿಟಕಿಗೆ ಬಂದು ಹೇಳಿ ಹೋಗಲಿ. ಆ ಕಲ್ಲನ್ನು ನಿನ್ನೆ ನಾನೇ ಮಣ್ಣಿನಿಂದ ಎಬ್ಬಿಸಿ, ತೊಳೆದು, ಕಿಟಕಿಯಲ್ಲಿ ಇಟ್ಟಿದ್ದೇನೆ. ಸಾಕ್ಷಿ ಹೇಳಲು ಬಾಯಿಲ್ಲದಿದ್ದರೂ ಬಾಯೊಳಗೆ ಏನೂ ಇಲ್ಲವೆಂಬುದು ಅದರ ಹೆಚ್ಚುಗಾರಿಕೆ.

ತಮಾಷೆ ಸಾಕು. ಪೆನ್ಸಿಲಿನ ಹಿಂದೆ ರಬ್ಬರು ಇರುವುದು ಇದಕ್ಕೇ. ಕಂಡದ್ದನ್ನಷ್ಟೇ ಬರೆಯುವವರು ತಾವು, ಸೋಮವಾರ ತಾವು ಕಾಣಲಿಲ್ಲ, ಹಾಗಿದ್ದ ಮೇಲೆ ಬರೆದದ್ದು ಯಾರು? ಅರ್ವಿನ್ನನ್ನು ಕೇಳಿ, ಆ ಕೆಂಚುಗೂದಲ ಹುಡುಗನ ಹೆಗಲನ್ನು ಕೇಳಿ, ಆಮೇಲೆ ತಮ್ಮ ಮನಸ್ಸನ್ನು ಕೇಳಿ ಬರೆಯಿರಿ. ಇಂದು ಸಂಜೆ ಏಳಕ್ಕೆ ಮತ್ತೆ ಪಂದ್ಯವಿದೆ. ಸರಣಿ ಸತ್ತಿದೆಯೋ ಬದುಕಿದೆಯೋ ತಮ್ಮನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲದೆ ಅಡುಗೆ ಮಾಡುವುದು ಹೇಗೆ? ಈ ಪತ್ರ ಬರೆಯುತ್ತಿರುವಾಗಲೇ ವಿಲ್ಕಿನ್ ಅಡುಗೆಮನೆಗೆ ಬಂದು ಒಲೆಯ ವಾಸನೆ ಹಿಡಿದು ನಿಂತ. "ದೋನ್ಯಾ, ಅದೇ ಯಾಕೆ ಮಾಡಿದ್ರಿ? ಸರಣಿ ಮುಗೀತಲ್ಲ" ಎಂದ. "ಮುಗೀತು ಅಂತ ಯಾರೋ ಹೇಳಿದ್ದು? ಸುಮ್ನೆ ಕೂತ್ಕೊಂಡು ತಿನ್ನು" ಎಂದೆ. ಕೂತಿದ್ದಾನೆ, ತಿನ್ನುತ್ತಿದ್ದಾನೆ. ನಾಳೆಗೂ ಮಾಂಸ ತಂದಿಟ್ಟಿದ್ದೇನೆ. ಈ ಜನ್ಮದಲ್ಲಿ ಮೀಟ್‌ಲೋಫ್ ಮಾಡಲು ಅಪ್ಪಣೆ ಕೊಡಿ ಎಂದು ನಾನು ಬೇಡಿಕೊಳ್ಳುವ ದಿನ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ಬೇಡಿಕೊಳ್ಳುತ್ತಿದ್ದೇನೆ.

ಎಂದೆಂದಿಗೂ ಎರಡನೇ ಸ್ಥಾನದಲ್ಲಿರುವ,
ತಮ್ಮ ವಿಶ್ವಾಸಿ,
ವೆರ್ನಾ ಓಲ್ಡನ್‌ಕ್ಯಾಂಪ್
ಹಾರ್ಲನ್ ಬೆಂಡ್, ಅಯೊವಾ

ಮರೆತ ಮಾತು: ಹಲ್ಲನ್ನು ಇನ್ನೂ ಕೀಳಿಸಿಕೊಳ್ಳದ ನಮ್ಮೆಜಮಾನರು ಊದಿದ ಕೆನ್ನೆ ಹಿಡಿದುಕೊಂಡೇ ಒಂದು ಸಂದೇಹ ಎತ್ತಿದ್ದಾರೆ: "ಚೆಂಡು ಬಂದಾಗ ಪೈ ನೋಡ್ತಾ ಕೂತಿದ್ದ ಸರಿ. ಮೇಳದಲ್ಲಿ ನಿನ್ ಪೈ ಬಂದಾಗೆಲ್ಲ ಈ ಮನುಷ್ಯ ಏನ್ ನೋಡ್ತಾ ಕೂತಿದ್ದ?" ಇದಕ್ಕೆ ತಾವು ಉತ್ತರಿಸಬೇಕಾಗಿಲ್ಲ. ಹುಡುಗನ ಚೆಂಡನ್ನು ತಿದ್ದಿಬಿಡಿ, ಪೈ ಎರಡನೇ ಸ್ಥಾನದಲ್ಲೇ ಇರಲಿ.