ಸಾಹೇಬ ಊಟ ಬಿಟ್ಟ ದಿನ

ವಾಚ್ ರಿಪೇರಿಯವನಿಗೆ ಹಲ್ಲುನೋವು ಶುರುವಾಗಿ ಎಂಟು ದಿನವಾಗಿತ್ತು. ಮೊದಲ ದಿನವೇ ಹೆಂಡತಿಗೆ ಹೇಳಿದ್ದ. ಅವಳು ಡಬ್ಬಿಯಿಂದ ಒಂದು ಲವಂಗ ತೆಗೆದುಕೊಟ್ಟು, "ಹಲ್ಲಿನ ಸಂದೀಲಿ ಇಟ್ಕೊಳ್ಳಿ, ಹೋಗುತ್ತೆ" ಎಂದು ಒಗೆಯುವ ಬಟ್ಟೆ ಎತ್ತಿಕೊಂಡು ಹೊರಟುಹೋದಳು. ಒಂದೇ ಒಂದು ಲವಂಗ. ನೋವು ಹೋಯಿತೇ ಎಂದು ಸಂಜೆಗೆ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ.

ಅವನೂ ಹಟಮಾರಿ. ಇನ್ನು ತಾನಾಗಿ ಬಾಯಿ ಬಿಡುವುದಿಲ್ಲ, ಯಾರಾದರೂ ಕೇಳಲಿ, ಆಗ ಹೇಳೋಣ ಎಂದು ಸುಮ್ಮನಾದ. ಮೌನದ ಕೆಟ್ಟ ಗುಣ ಅವನಿಗೆ ಗೊತ್ತಿರಲಿಲ್ಲ. ಇಟ್ಟುಕೊಂಡವನಿಗೆ ಅದು ದಿನೇದಿನೇ ಭಾರವಾಗುತ್ತದೆ, ಮಿಕ್ಕವರಿಗೆ ಅದು ಇರುವುದೇ ತಿಳಿಯುವುದಿಲ್ಲ. ಅಂಗಡಿಯಲ್ಲಿ ನಲವತ್ತು ಗಡಿಯಾರ ಟಿಕ್ ಎಂದಾಗಲೆಲ್ಲ ಬಲದವಡೆಯ ಹಲ್ಲೂ ಒಮ್ಮೆ ಟಿಕ್ ಎನ್ನುತ್ತಿತ್ತು. ಎಡಗಡೆಯಲ್ಲಿ ಅಗಿಯುವ ಹಲ್ಲುಗಳು ಒಂದೊಂದಾಗಿ ಜಾಗ ಖಾಲಿ ಮಾಡಿ ವರ್ಷಗಳಾಗಿದ್ದವು. ಇರುವ ಒಂದೇ ಕಡೆಯಲ್ಲಿ ಹೇಗೋ ಅಗಿಯುತ್ತಿದ್ದ ಅವನು ನಿನ್ನೆ ಸಂಜೆ ಸೋತು, ರಸ್ಕನ್ನು ಹಾಲಿನಲ್ಲಿ ನೆನೆಸಿ ಮಗುವಿನ ಹಾಗೆ ನುಂಗಿದ. ಅದನ್ನೂ ಯಾರೂ ನೋಡಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ನಾಯಿ ತಟ್ಟೆ ಮುಟ್ಟಲಿಲ್ಲ.

"ರೀ, ಸಾಹೇಬ ರಾತ್ರೀನೂ ತಿಂದಿಲ್ಲ, ಈಗ್ಲೂ ಮೂಸಿ ನೋಡ್ತಿಲ್ಲ" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಆ ಕೂಗಿಗೆ ಮಹಡಿ ಮೇಲಿನ ಹೆಡ್‌ಮಿಸ್ಸು ಇಳಿದು ಬಂದರು. ನಿವೃತ್ತರಾಗಿ ಹನ್ನೊಂದು ವರ್ಷವಾದರೂ ಆಕೆ ಇಳಿದರೆ ಮೆಟ್ಟಿಲುಗಳು ಸಾಲಾಗಿ ನಿಂತಂತೆ ಕಾಣುತ್ತಿತ್ತು. ಹಿಂದೆಯೇ ಪಕ್ಕದ ಲಾಂಡ್ರಿಯವನು ಕೈಯಲ್ಲಿ ಯಾರದೋ ಅರ್ಧ ಇಸ್ತ್ರಿಯಾದ ಅಂಗಿ ಹಿಡಿದುಕೊಂಡೇ ಬಂದ.

ಮೂವರೂ ನಾಯಿಯ ಸುತ್ತ ಕುಕ್ಕರಗಾಲಲ್ಲಿ ಕೂತರು. ಸಾಹೇಬ ಒಂದು ಕಿವಿ ಮಡಿಸಿಕೊಂಡ ಕಂದು ನಾಯಿ. ಮೂರು ವರ್ಷದ ಹಿಂದೆ ಅಂಗಡಿಯ ಬೆಂಚಿನ ಕೆಳಗೆ ಬಂದು ಮಲಗಿದ್ದು, ಆಮೇಲೆ ಎದ್ದಿರಲಿಲ್ಲ. ಅದು ಈಗ ಮೂವರನ್ನೂ ದಾಟಿ, ಮೂಲೆಯ ಕುರ್ಚಿಯಲ್ಲಿ ಕೆನ್ನೆಗೆ ಕೈಹಿಡಿದು ಕೂತಿದ್ದ ಯಜಮಾನನ ಮುಖವನ್ನೇ ದಿಟ್ಟಿಸುತ್ತಿತ್ತು.

"ಕಣ್ಣು ನೋಡಿ ಪಾಪ, ಹೇಗೆ ಒಳಗೆ ಹೋಗಿದೆ" ಎಂದರು ಹೆಡ್‌ಮಿಸ್ಸು. "ಎರಡು ಹೊತ್ತು! ಮೂಕಪ್ರಾಣಿ, ನೋವಿದ್ರೆ ಬಾಯಿಬಿಟ್ಟು ಹೇಳುತ್ತಾ? ನಾವೇ ಅರ್ಥ ಮಾಡ್ಕೋಬೇಕು."

ಈ ಮನೆಯಲ್ಲಿ ಇನ್ನೊಂದು ಮೂಕಪ್ರಾಣಿ ಎಂಟು ದಿನದಿಂದ ಒದ್ದಾಡುತ್ತಿದೆ ಎನ್ನಬೇಕೆಂದುಕೊಂಡ ವಾಚಿನವನು. ಆದರೆ ಅವನದೇ ಯೋಜನೆಯೊಂದಿತ್ತು. ರಿಪೇರಿಗೆ ಕೊಟ್ಟವರು ಮರೆತೇಬಿಟ್ಟಿದ್ದ ಹಳೆಯ ಗೋಡೆ ಗಡಿಯಾರದ ಹೊಟ್ಟೆಯಲ್ಲಿ ಆರು ಸಾವಿರ ಕೂಡಿಟ್ಟಿದ್ದ. ಹನ್ನೊಂದು ಗಂಟೆಗೆ ಹಲ್ಲಿನ ಡಾಕ್ಟರ ಬಳಿ ಸಮಯವಾಗಿತ್ತು. ಯಾರಿಗೂ ಹೇಳದೆ ಹೋಗುವುದು, ರೂಟ್ ಕೆನಾಲ್ ಮಾಡಿಸಿಕೊಳ್ಳುವುದು, ಊದಿದ ಕೆನ್ನೆ ಹೊತ್ತುಕೊಂಡು ಮನೆಗೆ ಬಂದು ಏನೂ ಮಾತಾಡದೆ ಮಲಗುವುದು. ಆಗ ಇವರೆಲ್ಲ ನಾಚಿಕೆಯಿಂದ ಸಾಯಬೇಕು. ಆ ದೃಶ್ಯವನ್ನು ಅವನು ಎಷ್ಟು ಸಲ ಕಲ್ಪಿಸಿಕೊಂಡಿದ್ದನೆಂದರೆ, ಹೆಂಡತಿ ಯಾವ ಬಾಗಿಲಿಗೆ ಒರಗಿ ಅಳುತ್ತಾಳೆ ಎನ್ನುವುದು ಕೂಡ ಗೊತ್ತಾಗಿತ್ತು.

"ನಡೀರಿ, ಡಾಕ್ಟರ ಹತ್ರ ಹೋಗೋಣ" ಎಂದಳು ಹೆಂಡತಿ.

ಅರೆಕ್ಷಣ ಅವನಿಗೆ ತನ್ನ ಬಗ್ಗೆಯೇ ಹೇಳುತ್ತಿದ್ದಾಳೆ ಎನಿಸಿತು.

"ಸಾಹೇಬನ್ನ ನೀವು ಎತ್ಕೊಳ್ಳಿ. ದುಡ್ಡು ಗಡಿಯಾರದಲ್ಲಿದೆ ಅಲ್ವಾ? ನಾನು ತಗೋತೀನಿ."

ಗಡಿಯಾರದ ವಿಷಯ ಅವಳಿಗೆ ಗೊತ್ತಿತ್ತು. ಹಲ್ಲಿನ ವಿಷಯ ನೆನಪಿರಲಿಲ್ಲ. ಇದು ಎಂಥ ಕಣ್ಣು ಎಂದು ಅವನು ಹಲ್ಲು ಕಡಿಯಲು ಹೋಗಿ, ನೋವಿಗೆ ಕಡಿಯಲಾರದೆ ಬಿಟ್ಟ.

"ಬೇಡ" ಎನ್ನಲು ಬಾಯಿ ತೆರೆದ. ತೆರೆದ ಬಾಗಿಲಿಂದ ನುಗ್ಗಿದ ತಣ್ಣನೆ ಗಾಳಿ ನೇರವಾಗಿ ಹಲ್ಲಿನ ತೂತಿಗೆ ಹೊಕ್ಕಿತು. "ಬೇ" ಎನ್ನುವಷ್ಟರಲ್ಲಿ ಕಣ್ಣಲ್ಲಿ ನೀರು ತುಂಬಿ ಹರಿಯಿತು.

ಲಾಂಡ್ರಿಯವನು ಅವನ ಭುಜ ತಟ್ಟಿದ. "ಅಳಬೇಡಿ ಅಣ್ಣ. ಸಾಹೇಬನಿಗೆ ಏನೂ ಆಗಲ್ಲ."

ಪ್ರಾಣಿಗಳ ಆಸ್ಪತ್ರೆಗೆ ಆಟೋದಲ್ಲಿ ಎಲ್ಲರೂ ಹೊರಟರು. ಹೆಡ್‌ಮಿಸ್ಸು ಸೀಟಿನ ಅರ್ಧಭಾಗ, ಹೆಂಡತಿ ಉಳಿದದ್ದು, ಲಾಂಡ್ರಿಯವನು ಡ್ರೈವರನ ಪಕ್ಕ. ನಾಯಿ ವಾಚಿನವನ ತೊಡೆಯ ಮೇಲೆ, ವಾಚಿನವನು ಅರ್ಧ ಹೊರಗೆ. ದಾರಿಯ ಪ್ರತಿ ಗುಂಡಿಯೂ ಅವನ ಹಲ್ಲಿಗೆ ವರದಿ ಒಪ್ಪಿಸಿತು.

ಆಸ್ಪತ್ರೆಯ ಹಜಾರ ಮನುಷ್ಯರ ಆಸ್ಪತ್ರೆಗಿಂತ ಚೊಕ್ಕಟವಾಗಿತ್ತು. ಒಬ್ಬಾಕೆ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದಳು, ಒಬ್ಬ ದಪ್ಪ ಮನುಷ್ಯ ಬಕೆಟ್ಟಿನಲ್ಲಿ ಆಮೆ ತಂದಿದ್ದ.

"ಇದರ ಕಣ್ಣಿನ ಪೊರೆಗೆ ಹೋದ ತಿಂಗಳು ಹದಿನೆಂಟು ಸಾವಿರ ಆಯ್ತು" ಎಂದಳು ಬೆಕ್ಕಿನವಳು, ಮಗಳ ಮದುವೆಯ ಖರ್ಚು ಹೇಳುವವಳಂತೆ.

"ಇದರ ಚಿಪ್ಪಿಗೆ ಇಪ್ಪತ್ತೆರಡು" ಎಂದ ಆಮೆಯವನು. "ಆದ್ರೆ ನೋಡಿ, ಇದು ಇನ್ನೂ ನೂರು ವರ್ಷ ಬದುಕುತ್ತೆ. ವರ್ಷಕ್ಕೆ ಲೆಕ್ಕ ಹಾಕಿದ್ರೆ ಏನೂ ಅಲ್ಲ."

ಕೌಂಟರಿನ ಹುಡುಗಿ ಒಂದು ಫಾರಂ ಕೊಟ್ಟಳು. ಹೆಸರು, ವಯಸ್ಸು, ಬಣ್ಣ ಎಲ್ಲ ಆದ ಮೇಲೆ ಕೊನೆಯಲ್ಲೊಂದು ಪ್ರಶ್ನೆ: ನಿಮ್ಮ ಸಾಕುಪ್ರಾಣಿಯ ಚಿಕಿತ್ಸೆಗೆ ಎಷ್ಟರವರೆಗೆ ಖರ್ಚು ಮಾಡಲು ಸಿದ್ಧರಿದ್ದೀರಿ? ಕೆಳಗೆ ನಾಲ್ಕು ಚೌಕ. ಒಂದು ಸಾವಿರ, ಐದು ಸಾವಿರ, ಹತ್ತು ಸಾವಿರ. ನಾಲ್ಕನೆಯದರಲ್ಲಿ, 'ಎಷ್ಟಾದರೂ ಸರಿ.'

ವಾಚಿನವನು ಪೆನ್ನನ್ನು ಮೊದಲ ಚೌಕದ ಮೇಲೆ ತಂದ. ಬೆಕ್ಕಿನವಳು ಬಾಗಿ ನೋಡಿದಳು, ಆಮೆಯವನು ನಿಟ್ಟುಸಿರು ಬಿಟ್ಟ. ಬಕೆಟ್ಟಿನ ಆಮೆ ಸಹ ಕುತ್ತಿಗೆ ಚಾಚಿತು.

"ಕೊಡಿಲ್ಲಿ" ಎಂದು ಹೆಡ್‌ಮಿಸ್ಸು ಪೆನ್ನು ಕಿತ್ತುಕೊಂಡರು. "ದುಃಖದಲ್ಲಿ ಅವನಿಗೆ ಕಣ್ಣೇ ಕಾಣ್ತಿಲ್ಲ." ಮೂವತ್ತೈದು ವರ್ಷ ಪರೀಕ್ಷೆ ಪತ್ರಿಕೆ ತಿದ್ದಿದ ಕೈ ಅದು. ನಾಲ್ಕನೆಯ ಚೌಕದಲ್ಲಿ ದೊಡ್ಡದೊಂದು ರೈಟು ಹಾಕಿತು.

ಒಳಗೆ ಡಾಕ್ಟರಮ್ಮ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಹೊಟ್ಟೆ ಒತ್ತಿ, ಕಿವಿ ಬಗ್ಗಿಸಿ, ಬಾಯಿ ಬಿಡಿಸಿ ಟಾರ್ಚು ಬಿಟ್ಟರು.

"ಹಲ್ಲು ನೋಡಿ ಎಷ್ಟು ಚೆನ್ನಾಗಿದೆ. ನಲವತ್ತೆರಡಕ್ಕೆ ನಲವತ್ತೆರಡೂ ಗಟ್ಟಿ."

ನಲವತ್ತೆರಡು. ಒಬ್ಬನಿಗೆ ನಲವತ್ತೆರಡು, ಇನ್ನೊಬ್ಬನಿಗೆ ಒಂದು ಲವಂಗ. ವಾಚಿನವನು ಗೋಡೆಯ ಗಡಿಯಾರ ನೋಡಿದ. ಹನ್ನೊಂದು ಹತ್ತು. ಅದು ನಾಲ್ಕು ನಿಮಿಷ ಹಿಂದೆ ನಡೆಯುತ್ತಿದೆ ಎಂದು ಲೋಲಕದ ಓಡಾಟದಲ್ಲೇ ಅವನಿಗೆ ತಿಳಿಯಿತು. ಊರಿನ ಇನ್ನೊಂದು ಮೂಲೆಯಲ್ಲಿ ಅವನ ಕುರ್ಚಿಯಲ್ಲಿ ಈಗ ಇನ್ಯಾರೋ ಬಾಯಿ ತೆರೆದು ಒರಗಿದ್ದಾರೆ.

ರಕ್ತ ತೆಗೆದರು. ಏನೂ ಇಲ್ಲ. ಎಕ್ಸ್‌ರೇ ತೆಗೆದರು. ಏನೂ ಇಲ್ಲ. ಹೊಟ್ಟೆ ಬೋಳಿಸಿ, ಅಂಟು ಹಚ್ಚಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಮೋಡ ಕವಿದಂತೆ ಏನೇನೋ ಕಂಡಿತು, ಅದೂ ಏನೂ ಅಲ್ಲ. ಒಂದೊಂದು ಏನೂ ಇಲ್ಲಕ್ಕೂ ಹೆಂಡತಿ ಗಡಿಯಾರದಿಂದ ತೆಗೆದು ತಂದಿದ್ದ ಲಕೋಟೆಯಿಂದ ನೋಟು ಎಣಿಸಿಕೊಟ್ಟಳು. ಕೊನೆಯ ಏನೂ ಇಲ್ಲಕ್ಕೆ ಲಕೋಟೆಯಲ್ಲಿಯೂ ಏನೂ ಇರಲಿಲ್ಲ.

"ಒಂದೆರಡು ದಿನ ಇಲ್ಲೇ ಬಿಟ್ರೆ, ಒಳಗೆ ಕ್ಯಾಮರಾ ಇಳಿಸಿ ನೋಡಬಹುದು" ಎಂದರು ಡಾಕ್ಟರಮ್ಮ.

"ಎಷ್ಟಾದ್ರೂ ಸರಿ" ಎಂದರು ಹೆಡ್‌ಮಿಸ್ಸು.

ವಾಚಿನವನು ಸ್ಟೀಲಿನ ಮೇಜಿನ ಮೇಲೆ ಗುದ್ದಿದ. ಟ್ರೇಯಲ್ಲಿದ್ದ ಕತ್ತರಿಗಳು ಹಾರಿ ಬಿದ್ದವು.

"ಹಲ್ಲು ನೋವು" ಎಂದ.

"ಈಗ ತಾನೇ ನೋಡಿದ್ರಲ್ಲ ಅಣ್ಣ" ಎಂದ ಲಾಂಡ್ರಿಯವನು ಮೆಲ್ಲಗೆ. "ಅದರ ಹಲ್ಲು ಚೆನ್ನಾಗಿದೆಯಂತೆ."

"ನನ್ನ ಹಲ್ಲು. ನನ್ನದು. ಎಂಟು ದಿನದಿಂದ ಸಾಯ್ತಿದೀನಿ, ಒಬ್ರಾದ್ರೂ ಕೇಳಿದ್ರಾ? ಇವನು ಎರಡು ಹೊತ್ತು ತಟ್ಟೆ ಮುಟ್ಟಲಿಲ್ಲ ಅಂತ ಬೀದಿಗೆ ಬೀದೀನೇ ಎದ್ದು ಬಂತು."

ಹೆಂಡತಿ ನೆಲ ನೋಡಿದಳು. "ಆವತ್ತೇ ಲವಂಗ ಕೊಟ್ಟಿದ್ನಲ್ಲ" ಎಂದಳು ಸಣ್ಣ ದನಿಯಲ್ಲಿ. "ಹೋಗಿರ್ಲಿಲ್ವಾ?"

ಡಾಕ್ಟರಮ್ಮ ಮಾತ್ರ ಕನ್ನಡಕ ಸರಿಮಾಡಿಕೊಂಡು ಅವನ ಹತ್ತಿರ ಬಂದರು. "ಯಾವ ಕಡೆ?"

ಅವನು ತೋರಿಸಿದ.

"ಕಚ್ಚಿ ತಿನ್ನೋದು ಯಾವಾಗಿಂದ ನಿಲ್ಲಿಸಿದ್ರಿ?"

ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ಒಬ್ಬರು ಕೇಳುತ್ತಿದ್ದರು. ನಿನ್ನೆ ಸಂಜೆಯಿಂದ ಎಂದ ವಾಚಿನವನು. ಅದಕ್ಕೆ ಮುಂಚೆ ದಿನಕ್ಕೆ ಎರಡು ಹೊತ್ತು ರಸ್ಕು ಕಟಕಟ ಕಡಿಯುತ್ತಿದ್ದದ್ದು, ಬರುಬರುತ್ತಾ ಸಣ್ಣ ಚೂರಾಗಿ ಮುರಿದುಕೊಂಡದ್ದು, ಕೊನೆಗೆ ಹಾಲಲ್ಲಿ ನೆನೆಸಿ ನುಂಗಿದ್ದು, ಎಲ್ಲವನ್ನೂ ಹೇಳಿದ. ಡಾಕ್ಟರಮ್ಮ ಒಂದಕ್ಷರ ಬಿಡದೆ ಬರೆದುಕೊಂಡರು. ಎಷ್ಟು ಗಮನ, ಎಷ್ಟು ತಾಳ್ಮೆ! ಮನುಷ್ಯರ ಡಾಕ್ಟರರು ಇವರಿಂದ ಕಲಿಯಬೇಕು ಎಂದುಕೊಳ್ಳುತ್ತಿದ್ದಾಗ ಅವನ ಕಣ್ಣು ಆ ಕಾಗದದ ಮೇಲೆ ಬಿತ್ತು. ಅದು ನಾಯಿಯ ಚೀಟಿ.

"ಸಾಹೇಬ ನಿಮ್ಮ ಪಕ್ಕದಲ್ಲೇ ಕೂತು ತಿನ್ನೋದಾ?"

"ಹೌದು."

"ನೀವು ಶುರು ಮಾಡಿದ ಮೇಲೆ?"

"ಹೌದು."

"ಹಾಗಾದ್ರೆ ಅದಕ್ಕೆ ಕಾಯಿಲೆ ಇಲ್ಲ. ಅದು ನೀವು ಕಡಿಯೋದನ್ನ ಕಾಯ್ತಿದೆ."

ಲಾಂಡ್ರಿಯವನು ಓಡಿಹೋಗಿ ಎದುರಿನ ಅಂಗಡಿಯಿಂದ ರಸ್ಕಿನ ಪೊಟ್ಟಣ ತಂದ. ನಾಯಿಯ ಮುಂದೆ ತಟ್ಟೆ ಇಟ್ಟರು. ಮೊದಲು ಡಾಕ್ಟರಮ್ಮ ಒಂದು ರಸ್ಕು ಕಡಿದರು. ನಾಯಿ ಕದಲಲಿಲ್ಲ. ಹೆಂಡತಿ ಕಡಿದಳು, ಕದಲಲಿಲ್ಲ. ಹೆಡ್‌ಮಿಸ್ಸು ಕಟ್ಟಿಸಿದ ಹಲ್ಲಿನಲ್ಲಿ ಕಲ್ಲು ಒಡೆಯುವ ಸದ್ದು ಮಾಡಿದರು. ನಾಯಿ ಹೆದರಿ ಮೇಜಿನ ಅಂಚಿಗೆ ಸರಿಯಿತು, ಅಷ್ಟೇ. ಆಮೇಲೆ ಎಲ್ಲರೂ ವಾಚಿನವನ ಕಡೆ ತಿರುಗಿದರು.

"ನನ್ನಿಂದ ಆಗಲ್ಲ" ಎಂದ ಅವನು.

"ಒಂದೇ ಒಂದು" ಎಂದರು ಹೆಡ್‌ಮಿಸ್ಸು. "ಮೂಕಪ್ರಾಣಿಗೋಸ್ಕರ ಅಷ್ಟೂ ಮಾಡಕ್ಕಾಗಲ್ವಾ?"

ಅವನು ಕಡಿದ. ಅಂಗಡಿಯ ನಲವತ್ತು ಗಡಿಯಾರಗಳೂ ತಲೆಯೊಳಗೆ ಒಟ್ಟಿಗೆ ಹನ್ನೆರಡು ಹೊಡೆದವು. ಅವನು ಮೇಜಿನ ಕಾಲು ಹಿಡಿದುಕೊಂಡು ಕುಸಿಯುವ ಹೊತ್ತಿಗೆ, ಸಾಹೇಬ ಬಾಲ ಬೀಸಿ ತಟ್ಟೆಗೆ ಮೂತಿ ಹಾಕಿ ಗಬಗಬನೆ ತಿನ್ನತೊಡಗಿತ್ತು. ಬಾಗಿಲಲ್ಲಿ ನಿಂತಿದ್ದ ಬೆಕ್ಕಿನವಳು ಚಪ್ಪಾಳೆ ತಟ್ಟಿದಳು. ಅವನ ಕೆನ್ನೆಯ ಮೇಲೆ ಹರಿಯುತ್ತಿದ್ದ ನೀರು ಕಂಡು ಆಮೆಯವನೂ ಕಣ್ಣೊರೆಸಿಕೊಂಡ. "ಇಂಥ ಪ್ರೀತಿ ನಾನು ನೋಡಿರ್ಲಿಲ್ಲ" ಎಂದ.

ಎಲ್ಲರೂ ಮನೆಗೆ ಬಂದ ಮೇಲೆ ಹೆಂಡತಿ ಬೀರು ತೆರೆದು, ಬಟ್ಟೆಗಳ ಕೆಳಗಿಂದ ಒಂದು ಕರವಸ್ತ್ರದ ಗಂಟು ತೆಗೆದು ಅವನ ಮುಂದೆ ಇಟ್ಟಳು.

"ಹೊಸ ಕನ್ನಡಕಕ್ಕೆ ಅಂತ ಇಟ್ಟಿದ್ದೆ. ಅದು ಮುಂದಿನ ವರ್ಷ ಆದ್ರೂ ಆಗುತ್ತೆ. ಹಲ್ಲಿನ ಡಾಕ್ಟ್ರ ನಂಬರ್ ಕೊಡಿ, ನಾನೇ ಮಾತಾಡ್ತೀನಿ."

ಅವಳು ಒರಗಿ ನಿಂತದ್ದು ಅವನು ಕಲ್ಪಿಸಿಕೊಂಡಿದ್ದ ಬಾಗಿಲಿಗೇ. ಕಣ್ಣು ಸ್ವಲ್ಪ ಒದ್ದೆಯಾಗಿತ್ತು ಕೂಡ. ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟು ಅವನ ಎದೆಯಿಂದ ನಿಧಾನಕ್ಕೆ ಇಳಿಯತೊಡಗಿತು.

"ನಾಳೆ ಹತ್ತು ಗಂಟೆಗಾ? ಆಯ್ತು ಡಾಕ್ಟ್ರೆ, ಕರ್ಕೊಂಡು ಬರ್ತೀನಿ" ಎಂದಳು ಹೆಂಡತಿ ಫೋನಿನಲ್ಲಿ. "ಆಮೇಲೆ ಪಥ್ಯ ಏನಾದ್ರೂ ಇದೆಯಾ?"

ಅವಳು ಕೇಳಿಸಿಕೊಂಡಳು. ಮುಖ ಬದಲಾಯಿತು. ಫೋನಿಗೆ ಕೈ ಅಡ್ಡ ಹಿಡಿದು ಎಲ್ಲರನ್ನೂ ನೋಡಿದಳು.

"ಕ್ಯಾಪ್ ಹಾಕೋವರೆಗೆ ಗಟ್ಟಿ ಪದಾರ್ಥ ಕಚ್ಚೋ ಹಾಗಿಲ್ವಂತೆ. ಹದಿನೈದು ದಿನ."

ಎಲ್ಲರ ಕಣ್ಣೂ ಮೆಲ್ಲಗೆ ಸಾಹೇಬನ ಕಡೆ ತಿರುಗಿತು.

"ನನ್ನ ಸದ್ದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ" ಎಂದ ವಾಚಿನವನು, ಮುಳುಗುವವನ ದನಿಯಲ್ಲಿ. ಅದಕ್ಕಾಗಿ ಇನ್ನೊಂದು ರಸ್ಕು ಕಡಿದ. ಲಾಂಡ್ರಿಯವನು ಅದನ್ನು ರೆಕಾರ್ಡ್ ಮಾಡಿ, ಹೊಸ ತಟ್ಟೆ ಇಟ್ಟು, ನಾಯಿಯ ಕಿವಿಯ ಹತ್ತಿರ ಹಿಡಿದ. ಸಾಹೇಬ ಫೋನನ್ನು ನೋಡಿತು. ಆಮೇಲೆ ಯಜಮಾನನ ದವಡೆಯನ್ನು ನೋಡಿತು. ದವಡೆ ಅಲ್ಲಾಡುತ್ತಿರಲಿಲ್ಲ. ತಟ್ಟೆಗೆ ಬೆನ್ನು ಹಾಕಿ ಕೂತಿತು.

"ಹದಿನೈದು ದಿನ ಉಪವಾಸ ಅಂದ್ರೆ ಅದು ಉಳಿಯಲ್ಲ" ಎಂದರು ಹೆಡ್‌ಮಿಸ್ಸು. "ಹಲ್ಲು ಎಲ್ಲಿಗೆ ಓಡಿಹೋಗುತ್ತಪ್ಪ? ಇವತ್ತಲ್ಲ ನಾಳೆ ಮಾಡಿಸ್ಕೋಬಹುದು."

ಹೆಂಡತಿ ಗಂಡನ ಮುಖ ನೋಡಿದಳು, ನಾಯಿಯ ಮುಖ ನೋಡಿದಳು. "ಆಮೇಲೆ ಫೋನ್ ಮಾಡ್ತೀನಿ ಡಾಕ್ಟ್ರೆ" ಎಂದು ಇಟ್ಟುಬಿಟ್ಟಳು. ಕರವಸ್ತ್ರದ ಗಂಟು ಬೀರುವಿಗೆ ಮರಳಿತು.

ಸಂಜೆ ಊಟದ ಮೇಜಿನ ಸುತ್ತ ಎಲ್ಲರೂ ನಿಂತಿದ್ದರು. ವಾಚಿನವನು ಕುರ್ಚಿಯಲ್ಲಿ, ಸಾಹೇಬ ಪಕ್ಕದಲ್ಲಿ, ಇಬ್ಬರ ಮುಂದೆಯೂ ತಟ್ಟೆ. ನಾಯಿಗೆ ಒದೆಯಬೇಕೆನ್ನುವಷ್ಟು ಸಿಟ್ಟು ಬಂದು ಅವನು ಕೆಳಗೆ ನೋಡಿದ. ಅದು ರೆಪ್ಪೆ ಮಿಟುಕಿಸದೆ ಅವನ ಬಲದವಡೆಯನ್ನೇ ನೋಡುತ್ತಿತ್ತು. ಇಡೀ ಮನೆಯಲ್ಲಿ ಅವನ ಹಲ್ಲಿನ ಮೇಲೆ ಕಣ್ಣಿಟ್ಟಿದ್ದದ್ದು ಇದೊಂದೇ ಜೀವ. ಇದರ ಮೇಲೆ ನೆಟ್ಟಗೆ ಸಿಟ್ಟು ಮಾಡಿಕೊಳ್ಳುವ ಸುಖವೂ ಅವನಿಗಿರಲಿಲ್ಲ.

"ತಿನ್ನಿ" ಎಂದಳು ಹೆಂಡತಿ, ಹಿಂದೆಂದೂ ಕೇಳದಷ್ಟು ಮೃದುವಾಗಿ. "ನಿಮ್ಮ ನೋವು ನನಗೆ ಗೊತ್ತಾಗಲ್ಲ ಅಂದ್ಕೋಬೇಡಿ."

ಅವನು ತಟ್ಟೆ ನೋಡಿದ. ನಾಲ್ಕು ರಸ್ಕು. ಪಕ್ಕದಲ್ಲಿ ಲವಂಗ. ಈ ಸಲ ಎರಡು.