ಅವ್ವನ ಮೊಣಕಾಲು ಮತ್ತು ನಮ್ಮ ಓಣಿಯ ಎಡಪಂಥ

ಕೇರಳಕ್ಕೆ ವರ್ಗವಾಗಿ ಬಂದ ಮೇಲೆ ನನಗೊಂದು ಗ್ರಹಚಾರ ಅಂಟಿಕೊಂಡಿದೆ. ನಾನು ಸುಮ್ಮನೆ ಏನನ್ನಾದರೂ ಕೇಳಿದರೆ ಸಾಕು, ಅದು ಚಳವಳಿಯಾಗುತ್ತದೆ. ನಾನು ಕೆಲಸ ಮಾಡುವ ಸಂಸ್ಥೆಯ ಕ್ಯಾಂಟೀನಿನಲ್ಲಿ ಪಲ್ಯಕ್ಕೆ ತೆಂಗಿನೆಣ್ಣೆ ತುಸು ಕಡಿಮೆ ಹಾಕಬಹುದೇ ಎಂದು ಕೇಳಿದೆ. ಮರುದಿನ ಎರಡು ಯೂನಿಯನ್ನುಗಳು ಗೇಟಿನ ಎರಡೂ ಬದಿಗೆ ಕೂತು ಒಂದಕ್ಕೊಂದು ಧಿಕ್ಕಾರ ಕೂಗಿದವು. ಎಣ್ಣೆ ಇದ್ದಷ್ಟೇ ಇತ್ತು. ಇಂಥವು ಆಗುತ್ತಲೇ ಇರುತ್ತವೆ, ನಾನೂ ರೂಢಿ ಮಾಡಿಕೊಂಡಿದ್ದೆ. ಆದರೆ ಓಣಿಯ ಸಂಗತಿ ಹಾಗಲ್ಲ. ಅದರಲ್ಲಿ ಅವ್ವನ ಮೊಣಕಾಲಿತ್ತು.

೧. ಒಂದೇ ಒಂದು ಗಂಟೆ

ನಮ್ಮ ಮನೆ ಇರುವುದು ಕಳಮಶ್ಶೇರಿಯ ಒಂದು ಓಣಿಯಲ್ಲಿ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅವ್ವನ ಮೊಣಕಾಲಿಗೆ ಆಪರೇಷನ್ ಆಗಿತ್ತು. ದಿನಾ ಸಂಜೆ ಸಮತಟ್ಟಾದ ಜಾಗದಲ್ಲಿ ನಡೆಯಲೇಬೇಕು, ಇಲ್ಲದಿದ್ದರೆ ಕೀಲು ಬಿಗಿದು ಕಾಲು ಮಡಚಲು ಬಾರದು ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ನಮ್ಮಲ್ಲಿ ಸಮತಟ್ಟಾದ ಜಾಗ ಅಂದರೆ ಓಣಿ ಒಂದೇ. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸುವವರೆಲ್ಲ ನುಗ್ಗುವುದೂ ಅದೇ ಓಣಿಗೆ. ಮೊದಲ ಸಂಜೆಯೇ ಒಂದು ಸ್ಕೂಟರು ಅವ್ವನ ಸೀರೆಯ ಅಂಚು ಸವರಿಕೊಂಡು ಹೋಯಿತು. ಅಂದಿನಿಂದ ಅವ್ವ ಹೊಸ್ತಿಲು ದಾಟಲಿಲ್ಲ.

ನಾನು ನಿವಾಸಿಗಳ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳಿದೆ. "ಸಂಜೆ ಐದರಿಂದ ಆರು, ಒಂದೇ ಒಂದು ಗಂಟೆ ಓಣಿಗೆ ವಾಹನ ಬಿಡದೆ ಇರಬಹುದೇ? ಮಕ್ಕಳೂ ಆಡಿಕೊಳ್ಳುತ್ತಾರೆ."

ಸಂಘದಲ್ಲಿ ಇಬ್ಬರ ಮಾತೇ ಮಾತು. ಒಬ್ಬರು ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟಿ ನಿವೃತ್ತರಾದವರು. ಇಡೀ ಓಣಿಗೆ ಅವರು ‘ಸಖಾವು’, ಅಂದರೆ ಕಾಮ್ರೇಡ್. ಇನ್ನೊಬ್ಬರು ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಪ್ರೊಫೆಸರ್. ಇಬ್ಬರದೂ ಒಂದೇ ಎಡಪಕ್ಷ, ಅಕ್ಕಪಕ್ಕದ ಮನೆ, ಓದುವುದೂ ಒಂದೇ ಪತ್ರಿಕೆ. ಆದ್ದರಿಂದ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ.

"ರಸ್ತೆ ಜನರದ್ದು," ಎಂದರು ಸಖಾವು. "ಅದಕ್ಕೆ ಅಡ್ಡ ಹಾಕುವುದು ಜಮೀನ್ದಾರಿ ಬುದ್ಧಿ. ಈ ಓಣಿಯಲ್ಲಿ ಹೋಗುವವನು ಯಾರು? ದುಡಿದು ದಣಿದು ಮನೆಗೆ ಹೋಗುವ ಕೆಲಸಗಾರ."

"ಎ.ಸಿ. ಕಾರಿನಲ್ಲಿ ಹೋಗುವವನು ಯಾವ ಸೀಮೆಯ ಕೆಲಸಗಾರ?" ಎಂದರು ಪ್ರೊಫೆಸರ್. "ರಸ್ತೆಯನ್ನು ವಾಹನದಿಂದ ಬಿಡಿಸಿ ಕಾಲ್ನಡಿಗೆಯವರಿಗೆ ಕೊಡುವುದೇ ನಿಜವಾದ ಸಮಾಜವಾದ."

ಅಲ್ಲಿಂದ ಚರ್ಚೆ ರಷ್ಯಕ್ಕೆ ಹೋಯಿತು, ಚೀನಾ ಸುತ್ತಿತು, ಓಣಿಗೆ ಮಾತ್ರ ಮರಳಲಿಲ್ಲ. ಕೊನೆಗೆ ಒಂದು ವಿಷಯಕ್ಕೆ ಎಲ್ಲರೂ ಕೈಯೆತ್ತಿದರು. ನಾನು ಮನೆಗೆ ಬಂದೆ.

"ಏನಾತವಾ ಸಭಾದಾಗ?" ಅವ್ವ ಕೇಳಿದಳು.

"ದೂರದ ಯಾವುದೋ ದೇಶಕ್ಕ ಅಮೆರಿಕಾದವರು ಹಡಗ ಹೋಗಾಕ ಬಿಡವಲ್ರಂತ. ಆ ದಾರಿ ಬಿಡಬೇಕಂತ ಎಲ್ಲಾರೂ ಕೂಡಿ ಠರಾವು ಮಾಡಿದ್ರು."

"ಮತ್ತ ನನ್ನ ಮೊಣಕಾಲು?"

"ಅದು ಮುಂದಿನ ಸಭಾಕ್ಕ."

ಅವ್ವ ಕಾಲು ನೀವಿಕೊಂಡಳು. "ಆತು ಬಿಡು. ಅವರಿಗರೆ ದಾರಿ ಸಿಗಲಿ."

೨. ವೋಟಿಲ್ಲದವಳು

ಮುಂದಿನ ಸಭೆ, ಅದರ ಮುಂದಿನ ಸಭೆ ಎಂದು ಎಳೆದಾಡಿ ಕೊನೆಗೆ ಪ್ರಯೋಗಕ್ಕೆಂದು ಓಣಿಯ ಬಾಯಿಗೆ ಒಂದು ಸರಪಳಿ ಬಂತು. ದಿನಕ್ಕೊಂದು ಗಂಟೆ ಅದನ್ನು ಅಡ್ಡ ಕಟ್ಟಿ ಬೀಗ ಹಾಕುವುದು. ಪ್ರೊಫೆಸರ್ ಗೆದ್ದರು. ಆದರೆ ಕೀಲಿಕೈ ಯಾರ ಹತ್ತಿರ ಇರಬೇಕು?

"ಪ್ರೊಫೆಸರಿಗೆ ಕೊಟ್ಟರೆ ಮುಚ್ಚಿದ್ದನ್ನು ತೆಗೆಯುವುದಿಲ್ಲ," ಎಂದರು ಸಖಾವು.

"ಸಖಾವಿಗೆ ಕೊಟ್ಟರೆ ಮುಚ್ಚುವುದೇ ಇಲ್ಲ," ಎಂದರು ಪ್ರೊಫೆಸರ್.

ಮೂಲೆಮನೆಯ ದಂತವೈದ್ಯರ ಹೆಸರನ್ನು ಯಾರೋ ಹೇಳಿದರು. ಅವರ ಮನೆಯವರು ವಿರೋಧ ಪಕ್ಷಕ್ಕೆ ವೋಟು ಹಾಕುವವರು. ಸಭೆಯಲ್ಲಿದ್ದವರೆಲ್ಲ ತಲೆ ಎತ್ತಿ ಫ್ಯಾನು ನೋಡಿದರು. ಆಗ ಪ್ರೊಫೆಸರ್ ನನ್ನ ಕಡೆ ತಿರುಗಿದರು.

"ಮೇಡಂ, ನಿಮ್ಮ ವೋಟು ಎಲ್ಲಿದೆ?"

"ಧಾರವಾಡದಲ್ಲಿ."

"ಇಲ್ಲಿ ಹೆಸರು ಸೇರಿಸುವ ಯೋಚನೆ?"

"ಮಾಡಬೇಕು ಅಂತಿದ್ದೇನೆ."

"ಮಾಡಲೇಬೇಡಿ," ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಅವರ ಬಾಯಿಂದ ಒಂದೇ ಮಾತು ಬಂದದ್ದನ್ನು ಓಣಿ ಅಂದೇ ಕೇಳಿದ್ದು. ಚಪ್ಪಾಳೆಯ ನಡುವೆ ಕೀಲಿಕೈ ನನ್ನ ಕೈಗೆ ಬಂತು. ಹೀಗೆ ಪ್ರಜಾಪ್ರಭುತ್ವದಲ್ಲಿ ನನಗೆ ಮೊದಲ ಅಧಿಕಾರ ಸಿಕ್ಕಿತು, ಅದೂ ವೋಟು ಇಲ್ಲದ ಒಂದೇ ಅರ್ಹತೆಯ ಮೇಲೆ.

೩. ಸಿದ್ಧಾಂತ ಮತ್ತು ಐಸ್ ಕ್ರೀಮ್

ಸಂಸ್ಥೆಯಿಂದ ಓಡೋಡಿ ಬಂದು ಬೀಗ ಹಾಕಿ ಅವ್ವನ ಕೈ ಹಿಡಿದೆ. ನಾಲ್ಕು ಹೆಜ್ಜೆ ಇಟ್ಟೆವೋ ಇಲ್ಲವೋ, ಹಾರ್ನ್. ಮೀನಿನವನ ಗಾಡಿ. ಪಾಪ, ಮೀನು ಕಾಯುವುದಿಲ್ಲವಲ್ಲ ಎಂದು ತೆಗೆದೆ. ಆಮೇಲೆ ಗ್ಯಾಸ್ ಸಿಲಿಂಡರಿನ ಗಾಡಿ, ಟ್ಯೂಷನ್ ಮಕ್ಕಳ ವ್ಯಾನು. ಅದರ ಹಿಂದೆ ಒಂದು ಕಾರು, ಕಾರಿನೊಳಗೆ ಪ್ರೊಫೆಸರ್.

"ಸರ್, ಈ ಒಂದು ಗಂಟೆ ವಾಹನ ಬೇಡ ಅಂತ ನೀವೇ ಅಲ್ಲವೇ ವಾದಿಸಿದ್ದು?"

"ಅದು ಸಿದ್ಧಾಂತ ಮೇಡಂ," ಎಂದರು ಬಹಳ ಸೌಮ್ಯವಾಗಿ. "ಇದು ಐಸ್ ಕ್ರೀಮ್. ಕರಗುತ್ತದೆ."

ಸಖಾವು ಮಾತ್ರ ಒಂದು ದಿನವೂ ಬೀಗ ತೆಗೆಯಿರಿ ಎಂದು ಕೇಳಲಿಲ್ಲ. ಆ ಬೀಗವನ್ನು ಅವರು ಒಪ್ಪಿಯೇ ಇರಲಿಲ್ಲ, ಒಪ್ಪದ ಬೀಗವನ್ನು ತೆಗೆಸುವುದು ಹೇಗೆ? ತಮ್ಮ ಹಳೇ ಸ್ಕೂಟರನ್ನು ವಾಲಿಸಿ ಸರಪಳಿಯ ಕೆಳಗಿನಿಂದ ನುಗ್ಗಿಸುತ್ತಿದ್ದರು. ದಿನವೂ ಅದರ ಕನ್ನಡಿ ಸಿಕ್ಕಿಕೊಳ್ಳುತ್ತಿತ್ತು. ದಿನವೂ ನಾನು ಹೋಗಿ ಬಿಡಿಸುತ್ತಿದ್ದೆ. ಅವರು ಬೇರೆ ಕಡೆ ನೋಡುತ್ತಾ ನಿಂತಿರುತ್ತಿದ್ದರು.

ನಾನು ಸರಪಳಿಯ ಹತ್ತಿರ ನಿಂತರೆ ಅವ್ವನ ಕೈ ಹಿಡಿಯುವವರು ಯಾರು? ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ ತಂದು ಅಲ್ಲೇ ಕೂರಿಸಿದೆ. ಊರೆಲ್ಲ ಓಡಾಡಿತು, ಯಾರಿಗಾಗಿ ಸರಪಳಿ ಬಂತೋ ಅವಳು ಮಾತ್ರ ಕೂತಲ್ಲೇ ಕೂತಳು. ಫಿಸಿಯೋಥೆರಪಿಯ ಹುಡುಗಿ ಬಂದು ಕಾಲು ಮಡಚಿ ನೋಡಿ ಮುಖ ಸಪ್ಪಗೆ ಮಾಡಿದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ವಲ್ಲಾರ್ಪಾಡಂ ಬಂದರಿನ ಕಡೆ ಹೋಗಬೇಕಾದ ಲಾರಿಯೊಂದು ದಾರಿ ತಪ್ಪಿ ಅದೇ ಸಂಜೆ ನಮ್ಮ ಓಣಿಗೆ ಮೂತಿ ತೂರಿಸಿತು. ಡ್ರೈವರ್ ಹುಬ್ಬಳ್ಳಿಯವನು. ಸರಪಳಿ, ಕುರ್ಚಿ, ಅದರ ಮೇಲೆ ಗಂಭೀರವಾಗಿ ಕೂತ ಅವ್ವ, ಇದನ್ನೆಲ್ಲ ನೋಡಿ ಕೈ ಮುಗಿದ.

"ಅವ್ವಾರ, ಈ ಚೆಕ್‌ಪೋಸ್ಟ್ ಯಾವಾಗ ತೆಗೀತಾರ್ರೀ?"

"ನನ್ನ ಕಾಲು ಮಡಚಿದ ಮ್ಯಾಲೆ," ಎಂದಳು ಅವ್ವ.

೪. ರಾಜಧಾನಿಯಲ್ಲಿ

ವಾಹನ ನಿಷೇಧ ಎಂದು ಸರ್ಕಾರದ್ದೇ ಒಂದು ಫಲಕ ಬಂದು, ಪೊಲೀಸನೊಬ್ಬ ನಿಂತರೆ ನಾನು ಕೀಲಿಕೈ ಬಿಟ್ಟು ಅವ್ವನ ಕೈ ಹಿಡಿಯಬಹುದು. ಅದಕ್ಕೆ ತಿರುವನಂತಪುರದ ಸೆಕ್ರೆಟರಿಯೇಟಿನ ಒಂದು ಕಚೇರಿಯಲ್ಲಿ ಅರ್ಜಿ ಕೊಡಬೇಕು ಎಂದು ಯಾರೋ ಹೇಳಿದರು. ರಜೆ ಹಾಕಿ ಬೆಳಗಿನ ರೈಲು ಹಿಡಿದೆ. ಸ್ಟೇಷನ್ನಿನಿಂದ ಹೊರಟ ಆಟೋ ಸೆಕ್ರೆಟರಿಯೇಟಿಗೆ ಇನ್ನೂ ದೂರ ಇರುವಾಗಲೇ ನಿಂತಿತು. ರಸ್ತೆ ತುಂಬ ಕೆಂಪು ಬಾವುಟ.

"ಸಮರ," ಎಂದ ಆಟೋದವನು, ಇವತ್ತು ಮೋಡ ಎನ್ನುವಂತೆ. ಸಮರ ಅಂದರೆ ಇಲ್ಲಿ ಮುಷ್ಕರ.

ಇಳಿದು ಗುಂಪಿನೊಳಗೆ ದಾರಿ ಮಾಡಿಕೊಂಡು ಹೊರಟೆ. ಮುಂದಿನ ಸಾಲಿನಲ್ಲಿ ಒಂದೇ ಕೊಡೆಯ ಕೆಳಗೆ ಸಖಾವು ಮತ್ತು ಪ್ರೊಫೆಸರ್ ಒತ್ತಿಕೊಂಡು ಕೂತಿದ್ದರು. ಒಂದು ಪರಿಪ್ಪುವಡೆಯನ್ನು ಮುರಿದು ಇಬ್ಬರೂ ತಿನ್ನುತ್ತಿದ್ದರು.

"ಮೇಡಂ ಬಂದರು, ಜಾಗ ಬಿಡಿ," ಎಂದು ಸಖಾವು ಸರಿದು ಕೂತರು.

"ಸಖಾವು, ರಸ್ತೆ ಜನರದ್ದು ಅಂದಿದ್ದಿರಲ್ಲ?"

"ಅದಕ್ಕೇ ಜನ ಕೂತಿದ್ದೇವೆ."

ನಾನು ಪಕ್ಕಕ್ಕೆ ತಿರುಗಿದೆ. "ಇಲ್ಲಿ ಇಷ್ಟು ಚೆನ್ನಾಗಿ ಒಂದಾಗಿದ್ದೀರಿ. ನಮ್ಮ ಓಣಿಯ ವಿಷಯದಲ್ಲೂ ಹೀಗೇ ಒಂದಾಗಬಾರದೇ?" ಎಂದು ಪ್ರೊಫೆಸರನ್ನು ಕೇಳಿದೆ.

ಅವರು ವಡೆ ನುಂಗಿ ನಿಟ್ಟುಸಿರು ಬಿಟ್ಟರು. "ಜಗತ್ತಿನ ವಿಷಯ ಸುಲಭ ಮೇಡಂ. ಓಣಿಯ ವಿಷಯ ಕಷ್ಟ."

ಸುತ್ತು ಹಾಕಿಕೊಂಡು ಬೆವರು ಸುರಿಸುತ್ತಾ ಕಚೇರಿ ತಲುಪಿದೆ. ಸಾಲು ಸಾಲು ಖಾಲಿ ಕುರ್ಚಿಗಳು, ತಿರುಗುತ್ತಿರುವ ಫ್ಯಾನುಗಳು. ಬಾಗಿಲ ಬಳಿ ಕೂತಿದ್ದ ಜವಾನನಿಗೆ ಅರ್ಜಿ ತೋರಿಸಿ, ಇದನ್ನು ತೆಗೆದುಕೊಳ್ಳುವವರು ಎಲ್ಲಿ ಎಂದು ಕೇಳಿದೆ.

"ಬರುವಾಗ ದಾಟಿಕೊಂಡು ಬಂದಿರಲ್ಲ," ಎಂದ. "ಅಲ್ಲೇ ಕೂತಿದ್ದಾರೆ."

೫. ಅನಿರ್ದಿಷ್ಟಾವಧಿ

ರಾಜಧಾನಿಯಿಂದ ಹುಮ್ಮಸ್ಸು ತುಂಬಿಕೊಂಡು ಬಂದ ಸಖಾವು, ಸರಪಳಿ ತೆಗೆದು ಓಣಿಯನ್ನು ಜನರಿಗೆ ಮುಕ್ತ ಮಾಡುವವರೆಗೆ ಅನಿರ್ದಿಷ್ಟಾವಧಿ ಧರಣಿ ಎಂದು ಘೋಷಿಸಿದರು. ಧರಣಿಗೆ ಚಪ್ಪರ ಬೇಕು. ಚಪ್ಪರ ಹಾಕಲು ಓಣಿಯಲ್ಲಿ ಬೇರೆ ಜಾಗವಿಲ್ಲ. ಈ ಗೋಡೆಯಿಂದ ಆ ಗೋಡೆಗೆ, ನಟ್ಟನಡುವೆ ಎದ್ದಿತು. ಕೆಳಗೆ ಜಮಖಾನೆ, ಎರಡು ಸಾಲು ಕುರ್ಚಿ, ಮೇಲೆ ಕೆಂಪು ಬಟ್ಟೆ.

"ಸಖಾವು, ಇನ್ನು ವಾಹನ ಹೋಗುವುದು ಹೇಗೆ?"

"ಹೋರಾಟ ಮುಗಿಯುವವರೆಗೆ ಹೋಗುವುದಿಲ್ಲ," ಎಂದರು. "ಸ್ವಲ್ಪ ತ್ಯಾಗ ಮಾಡಬೇಕು ಮೇಡಂ."

ನಾನು ಸೋತು ಕೀಲಿಕೈಯನ್ನು ಸಾಸಿವೆ ಡಬ್ಬಿಗೆ ಹಾಕಿದೆ. ಅವ್ವ ಕಿಟಕಿಯಿಂದ ನೋಡಿದಳು. ಬೆಳಗಿನಿಂದ ಸಂಜೆವರೆಗೆ ಒಂದು ಸೈಕಲ್ಲೂ ಇಲ್ಲ. ನನ್ನನ್ನು ಕೇಳದೆಯೇ ಚಪ್ಪಲಿ ಮೆಟ್ಟಿ ಹೊರಟಳು. ಎರಡು ಸಾಲಿನ ನಡುವೆ ಕುರ್ಚಿಯ ಬೆನ್ನು ಹಿಡಿಯುತ್ತಾ ಹಿಡಿಯುತ್ತಾ ನಡೆದಳು. ಬೆಂಬಲಕ್ಕೆ ಬಂದರೆಂದು ಎಲ್ಲರೂ ಎದ್ದು ನಿಂತರು. ಸಖಾವು ತಮ್ಮ ತೋಳು ಕೊಟ್ಟರು. ಒಬ್ಬರು "ಇಂಕ್ವಿಲಾಬ್" ಎಂದಾಗ ಅವ್ವ ಕಾಲು ಎತ್ತುವುದು, ಉಳಿದವರು "ಸಿಂದಾಬಾದ್" ಎಂದಾಗ ಇಳಿಸುವುದು. ಎರಡೇ ದಿನಕ್ಕೆ ತಾಳ ಕೂತುಬಿಟ್ಟಿತು. ನಾನು ಬೇಡಿ ತಂದ ಸರಪಳಿಯ ವಿರುದ್ಧ ನನ್ನ ಅವ್ವನೇ ಮುಂದಿನ ಸಾಲಿನಲ್ಲಿದ್ದಳು, ನಾನು ಮನೆಯಿಂದ ಎಲ್ಲರಿಗೂ ಚಹಾ ಸಾಗಿಸುತ್ತಿದ್ದೆ.

ಅವ್ವನ ಕಾಲು ಮಡಚತೊಡಗಿತು. ಫಿಸಿಯೋಥೆರಪಿಯ ಹುಡುಗಿ ಬೆರಗಾದಳು. ಮಕ್ಕಳು ಓಣಿಯಲ್ಲಿ ಕ್ರಿಕೆಟ್ ಆಡಿದರು. ತಾವು ಬಯಸಿದ್ದೆಲ್ಲ ತಮ್ಮ ಎದುರಾಳಿಯಿಂದ ಆಗುತ್ತಿರುವುದನ್ನು ಪ್ರೊಫೆಸರ್ ಗೇಟಿನಲ್ಲಿ ನಿಂತು ದುಃಖದಿಂದ ನೋಡಿದರು.

ಅಷ್ಟರಲ್ಲಿ ಹಾಳು ಹೋರಾಟ ಗೆದ್ದುಬಿಟ್ಟಿತು. ಸಂಘ ಸರಪಳಿ ಬಿಚ್ಚಿತು. ಪಟಾಕಿ ಹೊಡೆದು ಪಾಯಸ ಹಂಚಿದರು. ಪಾಯಸ ಆರುವ ಮೊದಲೇ ಚಪ್ಪರ ಹೋಗಿ, ಆ ಜಾಗದಲ್ಲಿ ಸ್ಕೂಟರು ಹಾಯ್ದವು. ಅವ್ವ ಒಳಗೆ ಬಂದು ಕೂತಳು. ಅಷ್ಟು ಬೇಸರ ನನಗೆ ಆಪರೇಷನ್ ದಿನವೂ ಆಗಿರಲಿಲ್ಲ.

ಕೆಲವು ದಿನ ಬಿಟ್ಟು ಸಖಾವು ಮನೆಗೆ ಬಂದರು. "ಅಮ್ಮೇ, ಕಾಲು ಹೇಗಿದೆ?" ಅವ್ವ ಮಡಚಿ ತೋರಿಸಿದಳು. ಅರ್ಧಕ್ಕೆ ನಿಂತಿತು. ಸಖಾವು ಆ ಮೊಣಕಾಲನ್ನು ನೋಡಿ, ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು.

"ಮೇಡಂ, ಓಣಿ ಮುಚ್ಚಿ ಅಂತ ಮಾತ್ರ ನಾನು ಪ್ರಾಣ ಹೋದರೂ ಹೇಳುವುದಿಲ್ಲ."

"ಗೊತ್ತು ಸಖಾವು. ನಾನು ಕೇಳುವುದೂ ಇಲ್ಲ."

"ನೀವು ಕೇಳಬೇಕು. ಮುಂದಿನ ಸಭೆಯಲ್ಲಿ ಎದ್ದು ನಿಂತು ಇನ್ನೊಮ್ಮೆ ಕೇಳಿ. ಪ್ರೊಫೆಸರ್ ಬೆಂಬಲಿಸುತ್ತಾರೆ, ಸರಪಳಿ ಬರುತ್ತದೆ. ಆಮೇಲೆ ನಾವಿದ್ದೇವೆ." ಪಕ್ಕದ ಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಡಾಕ್ಟರು ಇನ್ನೂ ಎಷ್ಟು ದಿನ ನಡೆಯಬೇಕು ಅಂದಿದ್ದಾರೆ?"

"ಮೂರು ತಿಂಗಳು."

"ಹಾಗಾದರೆ ಈ ಸಲ," ಎಂದರು ಸಖಾವು, "ಮೂರು ತಿಂಗಳವರೆಗೆ ನಾವು ಗೆಲ್ಲುವುದಿಲ್ಲ."