‘ಖಾಲಿ’ ಎಂಬ ಪದದವರಿಗೆ, ಭರ್ತಿಯಾಗಿರುವ ಸ್ಟುಡಿಯೊದಿಂದ

ಮಾನ್ಯ ಖಾಲಿಯವರೇ,

ಎರಡು ಭಾಷೆಗಳಲ್ಲಿ ಏಕಕಾಲಕ್ಕೆ ನೌಕರಿ ಮಾಡುತ್ತ, ಎರಡು ಕಡೆಯೂ ಒಂದು ದಿನವೂ ರಜೆ ಹಾಕದ ತಮ್ಮ ಪಾದಗಳಿಗೆ, ತಮಗಿರುವುದು ಒಂದು ದೀರ್ಘ ಮತ್ತು ಒಂದು ಗುಡಿಸು ಮಾತ್ರವೆಂದು ಗೊತ್ತಿದ್ದರೂ, ಚಿಕ್ಕೋಡಿಯ ಹೊಸ ಸೊಸೆ ಕಾಜಲ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಅಥಣಿಯವಳು. ಮದುವೆಯಾಗಿ ಇನ್ನೂ ಮೊದಲ ನಾಗರ ಪಂಚಮಿ ಬಂದಿಲ್ಲ. ನನ್ನ ಗಂಡ ಸಮ್ಮೇದ ಅವರು ಜಗತ್ತಿನ ಅತ್ಯುತ್ತಮ ಗಂಡ. ಉಳಿದ ಗಂಡಂದಿರನ್ನು ನಾನು ಪರೀಕ್ಷಿಸಿಲ್ಲ, ಪರೀಕ್ಷಿಸುವ ಅಗತ್ಯವೂ ಕಂಡಿಲ್ಲ. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವ ಮಣೆಗಳ ಮೇಲೆ ಗಿಣಿ, ಕಬ್ಬು, ದ್ರಾಕ್ಷಿ ಗೊಂಚಲು ಮತ್ತು ಇಬ್ಬರ ಹೆಸರು ಬರೆಯುವುದು ನನ್ನ ಕಲೆ, ಅದನ್ನೇ ಸ್ವಂತ ಉದ್ಯಮವಾಗಿ ಬೆಳೆಸುವುದು ನನ್ನ ಜೀವನದ ಉದ್ದೇಶ. ಪ್ರತಿಯೊಬ್ಬ ಕಲಾವಿದೆಗೂ ಒಂದು ಉದ್ದೇಶವಿರಬೇಕು ಎಂದು ಆನ್‌ಲೈನ್ ತರಗತಿಯ ಮೇಡಂ ಹೇಳಿದಾಗ ನಾನು ಆನಂದದಿಂದ ಅತ್ತಿದ್ದೆ. ನನ್ನ ಅತ್ತೆ ಲಕ್ಷ್ಮಿಬಾಯಿಯವರು ಮಾತ್ರ, “ಕುಂತ ಮ್ಯಾಲ ಆ ಗಿಣಿ ಯಾರಿಗಿ ಕಾಣತೈತಿ ಯವ್ವಾ?” ಎಂದು ಕೇಳಿದರು. ಆ ಪ್ರಶ್ನೆ ತರಗತಿಯ ಪಠ್ಯದಲ್ಲಿರಲಿಲ್ಲ.

ನಮ್ಮ ಮನೆ ಇಳಿಜಾರಿನಲ್ಲಿದೆ. ರಸ್ತೆಯಿಂದ ಮೆಟ್ಟಿಲಿಳಿದರೆ ಕೆಳಗೊಂದು ಕೋಣೆ, ನಮ್ಮ ಕಡೆಯ ಮಾತಿನಲ್ಲಿ ಖೋಲಿ. ಮಾವ ಬಾಪುಸಾಹೇಬರು ಅದನ್ನು ನನಗೆ ಕೊಡುವಾಗ ಒಂದು ಶರತ್ತು ಹಾಕಿದರು: “ಪಂಚಮಿವರೆಗೂ ನೋಡೂಣು. ಗಿರಾಕಿ ಬಂದ್ರ ಖೋಲಿ ನಿನ್ನದು, ಬರಲಿಲ್ಲಂದ್ರ ಬಾಡಿಗಿಗಿ ಕೊಡತೇನಿ.” ಇದನ್ನು ಕೇಳಿದ ನನ್ನ ಸಮ್ಮೇದ ಅವರು ಸ್ವಂತ ಕೈಯಿಂದ ಒಂದು ಬೋರ್ಡು ಬರೆದು, ರಸ್ತೆಯ ಬದಿಗೆ ನಿಲ್ಲಿಸಿ, ನನ್ನ ಕಣ್ಣು ಮುಚ್ಚಿ ಕರೆದುಕೊಂಡು ಹೋಗಿ ತೋರಿಸಿದರು. ‘ಕಾಜಲ ಸ್ಟುಡಿಯೊ’ ಎಂದಿತ್ತು. ಅದರ ಕೆಳಗೆ ಒಂದು ಬಾಣ, ಬಾಣದ ಬಾಲಕ್ಕೆ ಒಂದು ಹೃದಯ. ಬಾಣದ ಪಕ್ಕದಲ್ಲಿ, ಮಾನ್ಯರೇ, ತಾವು.

ಸಮ್ಮೇದ ಅವರು ನಿಪ್ಪಾಣಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಮರಾಠಿ ಶಾಲೆಯಲ್ಲಿ ಓದಿದವರು. ಮರಾಠಿಯಲ್ಲಿ ತಾವೆಂದರೆ ‘ಕೆಳಗೆ’. ಹಾಗಾಗಿ ಅವರು ಪ್ರೀತಿಯಿಂದ ಬರೆದದ್ದು ‘ಕಾಜಲ ಸ್ಟುಡಿಯೊ ಕೆಳಗೆ’ ಎಂದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುವ ನಾನು ಅಂದು ಹೃದಯವನ್ನಷ್ಟೇ ಓದಿದೆ. ಊರಿನವರು ಮಾತ್ರ ತಮ್ಮನ್ನು ಓದಿದರು.

ಮೊದಲು ಬಂದವರು ಮಣೂಕಿನ, ಎಂದರೆ ಒಣದ್ರಾಕ್ಷಿಯ, ವ್ಯಾಪಾರಿ ಶ್ರೇಣಿಕಣ್ಣ. “ಖೋಲಿ ಖಾಲಿ ಐತೆಂತಲ್ರಿ? ಮಣೂಕಿನ ಬಾಕ್ಸ ಇಡಾಕ ಬೇಕಾಗಿತ್ತ” ಎನ್ನುತ್ತ ಒಳಗೆ ಬಂದು, ನನ್ನ ಜೀವನದ ಉದ್ದೇಶವನ್ನೆಲ್ಲ ಸಾಲಾಗಿ ಗೋಡೆಗೆ ಆನಿಸಿಟ್ಟದ್ದನ್ನು ನೋಡಿ, “ಹಿಂದಿನವ್ರು ಸಾಮಾನ ಯಾವಾಗ ಒಯ್ತಾರ್ರಿ?” ಎಂದು ವಿಚಾರಿಸಿದರು. ಮರುದಿನ ಬಂದ ಬ್ಯಾಂಡ್ ಕಂಪನಿಯ ಉತ್ತಮ ಅವರು ನನ್ನನ್ನು ಏನೂ ಕೇಳದೆ ಖೋಲಿಯ ನಡುವೆ ನಿಂತು ಕಹಳೆ ಊದಿ, “ಆವಾಜ ಭಾರಿ ಕೂಡತೈತಿ” ಎಂದು ಗೋಡೆಯನ್ನು ಹೊಗಳಿ, ಅಲ್ಲಾಡಿದ ನನ್ನ ಕೈಯಿಂದ ಗಿಣಿಯೊಂದಕ್ಕೆ ಬಂದ ಮೂರನೇ ರೆಕ್ಕೆಯನ್ನು ಗಮನಿಸದೆ ಹೋದರು. ಅದೇ ಸಂಜೆ ನಿಪ್ಪಾಣಿ ಕಡೆಯ ಒಬ್ಬ ಮರಾಠಿ ಮಹಿಳೆ ಬೋರ್ಡು ಓದಿ, ನೇರವಾಗಿ ಮೆಟ್ಟಿಲಿಳಿದು ಬಂದು, ಮಗಳ ಮದುವೆಗೆ ಮಣೆ ಬೇಕೆಂದರು. ಮೂರು ರೆಕ್ಕೆಯ ಗಿಣಿಯೇ ಬೇಕೆಂದರು. ಗಡಿ ಎಲ್ಲಿದೆ ಎಂದು ದೊಡ್ಡವರು ಬಹಳ ವರ್ಷಗಳಿಂದ ವಾದಿಸುತ್ತಿದ್ದಾರಂತೆ. ಅದು ನಮ್ಮ ಬೋರ್ಡಿನ ಮೇಲಿದೆ, ಬಾಣದ ಪಕ್ಕದಲ್ಲಿ.

ಬೋರ್ಡು ತೆಗೆಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ಸಮ್ಮೇದ ಅವರು ದಿನಾ ಬೆಳಿಗ್ಗೆ ಬೋರ್ಡಿನ ಮೇಲಿರುವ ತಮ್ಮನ್ನು ಕರವಸ್ತ್ರದಿಂದ ಒರೆಸಿ, “ಬೋರ್ಡ ಹೆಂಗ ಕೆಲಸ ಮಾಡಾಕತ್ತೈತಿ?” ಎಂದು ಕೇಳುವಾಗ ಅವರ ಮುಖವನ್ನು ತಾವು ಅಷ್ಟು ಹತ್ತಿರದಿಂದ ನೋಡಿದ್ದೀರಿ, ಹೇಳಿ, ತಮಗಾದರೂ ಧೈರ್ಯ ಬರುತ್ತಿತ್ತೇ? “ಭಾಳ ಮಂದಿ ಬರಾಕತ್ತಾರ್ರಿ” ಎಂದು ನಾನು ಸತ್ಯವನ್ನೇ ಹೇಳುತ್ತಿದ್ದೆ.

ಕೊನೆಗೆ ಜಾಣತನ ಮಾಡಿ, ತಮ್ಮ ಪಕ್ಕದಲ್ಲಿ ಸಣ್ಣಗೆ ‘ಇಲ್ಲ’ ಎಂದು ಸೇರಿಸಿದೆ. ‘ಖಾಲಿ ಇಲ್ಲ’ ಎಂದು ಓದಿದ ಕನ್ನಡದವರು ಮನೆ ತುಂಬಿದೆಯೆಂದು ಮುಂದೆ ಹೋದರು. ‘ಕೆಳಗೆ ಇಲ್ಲ’ ಎಂದು ಓದಿದ ಮರಾಠಿಯವರು, ಹಾಗಾದರೆ ಮೇಲಿರಬೇಕೆಂದು ಮಾಳಿಗೆ ಹತ್ತಿದರು. ಅಲ್ಲಿ ಅತ್ತೆಯವರು ಶಾವಿಗೆ ಒಣಗಿಸುತ್ತಿದ್ದರು. ಬಂದವರು ಬರಿಗೈಯಲ್ಲಿ ಹೇಗೆ ಹೋಗುವುದೆಂದು ಶಾವಿಗೆ ಕೊಂಡರು. ಎರಡೇ ವಾರದಲ್ಲಿ ಅತ್ತೆಯವರು ಯಾವ ತರಗತಿಗೂ ಹೋಗದೆ, ಯಾವ ಉದ್ದೇಶವೂ ಇಲ್ಲದೆ, ನಮ್ಮ ಓಣಿಯ ಪ್ರಮುಖ ಮಹಿಳಾ ಉದ್ಯಮಿಯಾದರು. ನಾನು ಟರ್ಪೆಂಟೈನ್ ತಂದು ‘ಇಲ್ಲ’ವನ್ನು ಒರೆಸಿದೆ. ಅತ್ತೆಯವರು ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ಆದ್ದರಿಂದ ಅಂದು ಬೋರ್ಡಿನ ಮುಂದೆ ನಿಂತು ತಮ್ಮಲ್ಲಿ ನಾನು ಮಾಡಿಕೊಂಡ ನಮ್ರ ಕೋರಿಕೆ ಏನಾಗಿತ್ತೆಂದರೆ, ತಾವು ಸೋಮವಾರದಿಂದ ಬುಧವಾರದವರೆಗೆ ಕನ್ನಡದಲ್ಲಿಯೂ ಗುರುವಾರದಿಂದ ಶನಿವಾರದವರೆಗೆ ಮರಾಠಿಯಲ್ಲಿಯೂ ಸೇವೆ ಸಲ್ಲಿಸಿ, ರವಿವಾರ ಅರ್ಥವನ್ನೇ ಬಿಟ್ಟು ವಿಶ್ರಾಂತಿ ಪಡೆಯಬೇಕು. ಅದು ಕಷ್ಟವೆನಿಸಿದರೆ ತಾವೇ ಬೋರ್ಡಿನಿಂದ ಇಳಿದು ಮೆಟ್ಟಿಲ ಬಳಿ ಕುಳಿತು, ಬಂದವರ ಮಾತೃಭಾಷೆ ವಿಚಾರಿಸಿ ದಾರಿ ತೋರಿಸಬೇಕು. ಅದೂ ಆಗದಿದ್ದರೆ ಒಂದೇ ಭಾಷೆಯಿರುವ ಯಾವುದಾದರೂ ಊರಿಗೆ ವರ್ಗಾವಣೆ ಮಾಡಿಸಿಕೊಳ್ಳಬೇಕು. ಬೀಳ್ಕೊಡುಗೆಗೆ ಶಾಲು ಹೊದಿಸಿ, ಶಾವಿಗೆ ಪಾಯಸ ಮಾಡಿಸುತ್ತೇನೆ ಎಂದೂ ಹೇಳಿದ್ದೆ.

ತಾವು ಬೋರ್ಡು ಬಿಟ್ಟು ಕದಲಲಿಲ್ಲ. ಪಂಚಮಿ ಹತ್ತಿರ ಬಂತು. ಬಾಡಿಗೆ ಕೇಳುವವರ ಸಾಲು ನೋಡಿ ಮಾವನವರು, “ಗಿರಾಕಿ ಒಬ್ರು, ಬಾಡಿಗಿ ಮಂದಿ ಊರ ತುಂಬ. ಇನ್ನೇನ ನೋಡೂದೈತಿ?” ಎಂದು ಶ್ರೇಣಿಕಣ್ಣನಿಗೆ ಹೂಂ ಎಂದುಬಿಟ್ಟರು. ಮೊನ್ನೆ ಅವರ ಟೆಂಪೊ ಬಂದು ನಿಂತಿತು. ನಾನು ಬ್ರಷ್ ಹಿಡಿದುಕೊಂಡೇ ಮೆಟ್ಟಿಲಿಗೆ ಅಡ್ಡ ನಿಂತೆ.

“ಖೋಲಿ ಖಾಲಿ ಇಲ್ರಿ. ಬಾಡಿಗಿಯವ್ರು ಬಂದಾರ.”

“ಯಾರ ಬಂದಾರ?” ಎಂದವರು ಶ್ರೇಣಿಕಣ್ಣನಲ್ಲ, ಮಾವನವರು.

“ನಾನ ರೀ ಮಾಮಾ. ಶ್ರೇಣಿಕಣ್ಣ ಕೊಡೂ ಬಾಡಿಗಿನ ನಾನೂ ಕೊಡತೇನಿ. ಮನಿ ಸೊಸಿ ಅಂತ ಒಂದ ರೂಪಾಯಿನೂ ಬಿಡಬ್ಯಾಡ್ರಿ.”

ಮಾವನವರು ನನ್ನನ್ನು, ಟೆಂಪೊವನ್ನು, ಮತ್ತೆ ನನ್ನನ್ನು ನೋಡಿ, “ಮಣೂಕ ತಿರಗಿಸ್ರಿ” ಎಂದರು. ಗದ್ದಲ ಕೇಳಿ ಓಡಿ ಬಂದ ಸಮ್ಮೇದ ಅವರಿಗೆ ಆಗ ನಾನು ಎಲ್ಲವನ್ನೂ ಹೇಳಿದೆ. ಅವರು ಬೋರ್ಡಿನ ಮುಂದೆ ನಿಂತು ತಮ್ಮನ್ನು ಒಮ್ಮೆ ಮರಾಠಿಯಲ್ಲಿ ಓದಿದರು, ಒಮ್ಮೆ ಕನ್ನಡದಲ್ಲಿ ಓದಿದರು.

“ಅಯ್ಯ, ನಾ ನಿನಗ ಖಾಲಿ ಅಂದ್ನಿ? ಇಷ್ಟ ದಿವ್ಸ ಯಾಕ ಹೇಳಲಿಲ್ಲ?”

“ನೀವು ದಿನಾ ಒರಸತಿದ್ರಲ್ಲ.”

ಈಗ ಮಾವನವರು ಮೆಟ್ಟಿಲಿಳಿಯುವಾಗ ದೂರದಿಂದಲೇ ಕೆಮ್ಮುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, “ಬರಬೋದೇನ್ರಿ?” ಎಂದು ಕೇಳುತ್ತಾರೆ. ಊಟಕ್ಕೆ ಕುಳಿತಾಗ ನಾನು ಅವರಿಗೆ ಮತ್ತೆ ‘ಯವ್ವಾ’. ಕೆಳಗೆ ಮಾತ್ರ, ಮಾನ್ಯರೇ, ನನಗೆ ‘ರಿ’ ಹಚ್ಚಿ ಮಾತಾಡುತ್ತಾರೆ.

ಇತಿ, ಎರಡೂ ಅರ್ಥಗಳಲ್ಲಿ ತಮ್ಮ ವಿಶ್ವಾಸಿ,
ಕಾಜಲ ಸಮ್ಮೇದ
ಬಾಡಿಗೆದಾರಳು ಹಾಗೂ ಮಾಲಕಿ, ಕಾಜಲ ಸ್ಟುಡಿಯೊ, ಚಿಕ್ಕೋಡಿ

ತಾ.ಕ.: ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿದೆ. ಇನ್ನು ಯಾರಿಗೂ ಗೊಂದಲವಾಗಬಾರದೆಂದು ಸಮ್ಮೇದ ಅವರು ನನ್ನ ಇಂಗ್ಲಿಷ್ ಮಾಧ್ಯಮಕ್ಕೆ ಗೌರವವಾಗಿ ಇಂದು ಬೆಳಿಗ್ಗೆ ಹೊಸ ಬೋರ್ಡು ಬರೆದಿದ್ದಾರೆ: ‘ಕಾಜಲ ಸ್ಟುಡಿಯೊ ಡೌನ್’. ಮಧ್ಯಾಹ್ನದೊಳಗೆ ನಾಲ್ವರು ಬಂದು, ಸರ್ವರ್ ಯಾವಾಗ ಸರಿಹೋಗುತ್ತದೆ ಎಂದು ಕೇಳಿ ಹೋದರು. ಸಮ್ಮೇದ ಅವರು ಕರವಸ್ತ್ರದಿಂದ ಹೊಸ ಬೋರ್ಡು ಒರೆಸುತ್ತಿದ್ದಾರೆ.